ಘಟ್ಟ ಮತ್ತು ಅಳಿವೆ: ಭಟ್ಕಳ, ಹೊನ್ನಾವರ, ಕುಮಟಾ ಸೀಮೆಯ ಇತಿವೃತ್ತ



ಶಿರಸಿಯಿಂದ ದೇವಿಮನೆ ಘಟ್ಟವನ್ನಿಳಿದು ಗೋಕರ್ಣಕ್ಕೋ, ಸಾಗರದಿಂದ ಗೇರುಸೊಪ್ಪೆಯ ಘಟ್ಟವನ್ನಿಳಿದು ಇಡಗುಂಜಿ, ಮುರ್ಡೇಶ್ವರಗಳಿಗೋ ತಾವು ಒಮ್ಮೆಯಾದರೂ ಹೋಗಿರಬಹುದು. ಮೇಲೆ ಅಡಿಕೆಯ ತೋಟ, ತಂಪುಗಾಳಿ. ಇಳಿದೊಡನೆ ತೆಂಗು, ಗದ್ದೆ, ಉಪ್ಪುನೀರಿನ ಹೊಳೆ. ಒಂದೆರಡು ತಾಸಿನೊಳಗೆ ನೆಲವೂ ಗಾಳಿಯೂ ಜನರ ಮಾತಿನ ಧಾಟಿಯೂ ಬೇರೆಯಾಗುತ್ತವೆ. ಯಾತ್ರೆಯ ಅವಸರದಲ್ಲಿ ನಾವು ಹಿಂದಿಟ್ಟು ಹೋಗುವ ಈ ದಾರಿಗಳೇ ಕರ್ನಾಟಕದ ಆರ್ಥಿಕ ಇತಿಹಾಸದ ಒಂದು ಮುಖ್ಯ ಅಧ್ಯಾಯವನ್ನು ಬರೆದಿವೆ.

ಮೊದಲು ಈ ಸೀಮೆಯ ಭೂಲಕ್ಷಣವನ್ನು ಗಮನಿಸೋಣ. ಉತ್ತರ ಕನ್ನಡ ಜಿಲ್ಲೆಯ ದಕ್ಷಿಣ ಕರಾವಳಿಯಲ್ಲಿ ಕುಮಟಾ, ಹೊನ್ನಾವರ, ಭಟ್ಕಳ ತಾಲ್ಲೂಕುಗಳು ಸಾಲಾಗಿ ಹಬ್ಬಿವೆ. ಪೂರ್ವದಲ್ಲಿ ಸಹ್ಯಾದ್ರಿ, ಪಶ್ಚಿಮದಲ್ಲಿ ಅರಬ್ಬೀ ಸಮುದ್ರ. ನಡುವೆ ಅಗಲ ಕಿರಿದಾದ ನೆಲ. ಶಿರಸಿ ಸೀಮೆಯಲ್ಲಿ ಹುಟ್ಟಿದ ಅಘನಾಶಿನಿಯು ಕುಮಟಾ ತಾಲ್ಲೂಕಿನ ತದಡಿಯ ಬಳಿ ಕಡಲನ್ನು ಸೇರುತ್ತದೆ. ತೀರ್ಥಹಳ್ಳಿ ಸೀಮೆಯ ಅಂಬುತೀರ್ಥದಲ್ಲಿ ಉಗಮಿಸಿದ ಶರಾವತಿಯು ಜೋಗದಲ್ಲಿ 253 ಮೀಟರು ಧುಮುಕಿ, ಗೇರುಸೊಪ್ಪೆಯ ಕೆಳಗೆ ಶಾಂತವಾಗಿ ಹರಿದು ಹೊನ್ನಾವರದಲ್ಲಿ ಸಮುದ್ರವನ್ನು ಕೂಡುತ್ತದೆ. ಭಟ್ಕಳದ ಹೊಳೆಗಳು ಚಿಕ್ಕವು. ಆದರೂ ಹಡಗುಗಳಿಗೆ ಆಶ್ರಯ ಕೊಟ್ಟವು. ಘಟ್ಟದ ಮೇಲಿನ ಸರಕು ಎತ್ತಿನ ಬೆನ್ನೇರಿ ಇಳಿಯಬೇಕು. ಘಟ್ಟದ ಬುಡದಲ್ಲಿ ದೋಣಿಯನ್ನೇರಬೇಕು. ಅಳಿವೆಯಲ್ಲಿ ಹಡಗನ್ನು ಸೇರಬೇಕು. ಈ ಮೂರು ಕೊಂಡಿಗಳಲ್ಲಿ ಒಂದು ಕಳಚಿದರೂ ಬಂದರು ಬರಿದಾಗುತ್ತಿತ್ತು. ಮುಂದೆ ಬರುವ ಏಳುಬೀಳುಗಳಿಗೆಲ್ಲ ಇದೇ ಕಾರಣವೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

14ನೆಯ ಶತಮಾನದ ಮಧ್ಯಭಾಗದಲ್ಲಿ ಹೊನ್ನಾವರಕ್ಕೆ ಬಂದ ಮೊರಾಕ್ಕೊ ದೇಶದ ಪ್ರವಾಸಿ ಇಬ್ನ್ ಬತೂತನು ಆ ಊರಿನ ಐಶ್ವರ್ಯಕ್ಕಿಂತ ಹೆಚ್ಚಾಗಿ ಅಲ್ಲಿಯ ವಿದ್ಯೆಯನ್ನು ಕಂಡು ಬೆರಗಾದನು. ಬಾಲಕಿಯರಿಗಾಗಿ 13 ಮತ್ತು ಬಾಲಕರಿಗಾಗಿ 23 ಶಾಲೆಗಳು ಅಲ್ಲಿದ್ದವೆಂದೂ, ಅಂಥದನ್ನು ತಾನು ಬೇರೆಲ್ಲಿಯೂ ಕಾಣಲಿಲ್ಲವೆಂದೂ ಬರೆದಿಟ್ಟನು. ಹೆಣ್ಣುಮಕ್ಕಳ ವಿದ್ಯಾಭ್ಯಾಸವು ಹೊಸಗಾಲದ ಕೊಡುಗೆಯೆಂದು ಭಾವಿಸುವವರು ಈ ಮಾತನ್ನು ಮನನ ಮಾಡಬೇಕು.

ವಿಜಯನಗರದ ಕಾಲದಲ್ಲಿ ಭಟ್ಕಳವು ಪ್ರಸಿದ್ಧಿಯ ಶಿಖರವನ್ನು ಮುಟ್ಟಿತು. ಸಾಮ್ರಾಜ್ಯದ ಸೈನ್ಯಕ್ಕೆ ಬೇಕಾದ ಕುದುರೆಗಳು ಅರಬಸ್ತಾನ ಮತ್ತು ಪಾರಸ ದೇಶಗಳಿಂದ ಈ ಬಂದರಿನಲ್ಲಿ ಇಳಿಯುತ್ತಿದ್ದವು. ಅಕ್ಕಿ, ಸಕ್ಕರೆ, ಕಬ್ಬಿಣ, ಮೆಣಸು ಇಲ್ಲಿಂದ ಹೊರಡುತ್ತಿದ್ದವು. ಅರಬ್ ವರ್ತಕರ ಸಂಪರ್ಕದಿಂದ ಬೆಳೆದ ನವಾಯತ ಸಮಾಜವು ಇಂದಿಗೂ ತನ್ನದೇ ಆದ ಭಾಷೆಯನ್ನೂ ಆಚಾರವನ್ನೂ ಉಳಿಸಿಕೊಂಡಿದೆ. ಇದೇ ತಾಲ್ಲೂಕಿನ ಹಾಡುವಳ್ಳಿಯು ಸಂಗೀತಪುರವೆಂಬ ಹೆಸರಿನಿಂದ ಜೈನ ಅರಸರ ರಾಜಧಾನಿಯೂ ವಿದ್ಯಾಕೇಂದ್ರವೂ ಆಗಿತ್ತು. 1604ರಲ್ಲಿ ‘ಕರ್ನಾಟಕ ಶಬ್ದಾನುಶಾಸನ’ವೆಂಬ ಕನ್ನಡ ವ್ಯಾಕರಣವನ್ನು ರಚಿಸಿದ ಭಟ್ಟಾಕಳಂಕನು ಈ ಪೀಠದ ಪರಂಪರೆಗೆ ಸೇರಿದವನು.

ಇಷ್ಟು ಸಿರಿ ಇದ್ದ ಕಡೆಗೆ ಪರರ ಕಣ್ಣು ಬೀಳದಿರುವುದೇ? 1502ರಲ್ಲಿ ವಾಸ್ಕೋ ಡ ಗಾಮನು ಈ ತೀರದ ಮೇಲೆ ಎರಗಿ, ಭಟ್ಕಳದವರ ಮೇಲೆ ಅಕ್ಕಿಯ ಕಪ್ಪವನ್ನು ಹೇರಿದನು. 1510ರಲ್ಲಿ ಗೋವೆಯನ್ನು ಹಿಡಿಯಲು ಆಲ್ಬುಕರ್ಕನಿಗೆ ನೆರವಾದವನು ಹೊನ್ನಾವರದ ನಾವಿಕ ನಾಯಕ ತಿಮ್ಮಯ್ಯ. 1542ರಲ್ಲಿ ಪೋರ್ಚುಗೀಸರು ಭಟ್ಕಳವನ್ನು ಸುಟ್ಟು ಸೂರೆಗೊಂಡರು. 1569ರಲ್ಲಿ ಹೊನ್ನಾವರದ ಕೋಟೆಯನ್ನು ವಶಪಡಿಸಿಕೊಂಡರು. ಕುದುರೆಯ ವ್ಯಾಪಾರವನ್ನು ಅವರು ಗೋವೆಗೆ ಎಳೆದುಕೊಂಡಮೇಲೆ ಭಟ್ಕಳದ ಹಿಂದಿನ ವೈಭವ ಮರಳಲಿಲ್ಲ.

ಈ ಸಂಕಟಕಾಲದಲ್ಲಿ ಗೇರುಸೊಪ್ಪೆಯಿಂದ ಆಳಿದವಳು ರಾಣಿ ಚೆನ್ನಭೈರಾದೇವಿ. 16ನೆಯ ಶತಮಾನದ ಉತ್ತರಾರ್ಧದಲ್ಲಿ, ಸುಮಾರು ಅರ್ಧ ಶತಮಾನದಷ್ಟು ದೀರ್ಘಕಾಲ, ಸುತ್ತಲೂ ಪ್ರಬಲ ಶತ್ರುಗಳಿರುವಾಗ ರಾಜ್ಯವನ್ನು ಕಾಯ್ದುಕೊಂಡ ಈ ಜೈನ ರಾಣಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದು ಕರೆದರು. ಅಘನಾಶಿನಿಯ ದಂಡೆಯ ಮಿರ್ಜಾನ ಕೋಟೆಯೊಂದಿಗೂ ಆಕೆಯ ಹೆಸರು ಸೇರಿಕೊಂಡಿದೆ. ಗೇರುಸೊಪ್ಪೆಯ ನಗರಬಸ್ತಿಕೇರಿಯಲ್ಲಿ ಕಾಡಿನ ನಡುವೆ ನಿಂತಿರುವ ಚತುರ್ಮುಖ ಬಸದಿಯನ್ನು ನೋಡಿದವರಿಗೆ ಆ ನಗರದ ಹಿರಿಮೆ ಎಷ್ಟಿತ್ತೆಂಬುದು ತಾನಾಗಿಯೇ ಮನವರಿಕೆಯಾಗುತ್ತದೆ.

17ನೆಯ ಶತಮಾನದ ಆರಂಭದಲ್ಲಿ ಕೆಳದಿಯ ಹಿರಿಯ ವೆಂಕಟಪ್ಪನಾಯಕನು ಗೇರುಸೊಪ್ಪೆಯನ್ನು ಗೆದ್ದನು. ಅಂದಿನಿಂದ ಈ ಕರಾವಳಿಯು ಒಂದೂವರೆ ಶತಮಾನ ಕಾಲ ವೀರಶೈವ ಅರಸರ ಆಳ್ವಿಕೆಗೆ ಒಳಪಟ್ಟಿತು. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲ ವಾಲೆಯು ಪೋರ್ಚುಗೀಸ್ ರಾಯಭಾರಿಯ ಜೊತೆಯಲ್ಲಿ ಹೊನ್ನಾವರದಿಂದ ದೋಣಿಯಲ್ಲಿ ಗೇರುಸೊಪ್ಪೆಗೆ ಬಂದು, ಘಟ್ಟವನ್ನೇರಿ ಇಕ್ಕೇರಿಯನ್ನು ತಲುಪಿದನು. ಅವನು ಹೊಳೆಯ ಚೆಲುವನ್ನು ಮನಸಾರೆ ಕೊಂಡಾಡಿದನು. ಆದರೆ ಗೇರುಸೊಪ್ಪೆಯಲ್ಲಿ ಅವನು ಕಂಡದ್ದು ಪಾಳುಬಿದ್ದ ಅರಮನೆಯನ್ನು, ಮರಗಿಡ ಬೆಳೆದ ಬೀದಿಗಳನ್ನು. ಗೆದ್ದು ಇನ್ನೂ ಎರಡು ದಶಕವಾಗಿರಲಿಲ್ಲ. ಕೆಳದಿಯ ವಿಜಯವನ್ನು ಅಭಿಮಾನದಿಂದ ನೆನೆಯುವ ನಾವು ಅದಕ್ಕೆ ತೆತ್ತ ಬೆಲೆಯನ್ನೂ ಮುಚ್ಚಿಡದೆ ನೆನೆಯುವುದು ನ್ಯಾಯ.

ಅದೇ ಪ್ರವಾಸಿ ಘಟ್ಟದ ದಾರಿಯ ಒಂದು ದೇವಾಲಯದ ಜಗಲಿಯಲ್ಲಿ ಇನ್ನೊಂದು ದೃಶ್ಯವನ್ನು ಕಂಡನು. ಕೆಲವು ಬಾಲಕರು ನೆಲದ ಮೇಲೆ ನುಣುಪಾದ ಮರಳನ್ನು ಹರಡಿ, ಲೆಕ್ಕವನ್ನು ರಾಗವಾಗಿ ಹೇಳುತ್ತ, ಹೇಳಿದ್ದನ್ನು ಬೆರಳಿನಿಂದ ಬರೆಯುತ್ತಿದ್ದರು. ಮರಳು ತುಂಬಿದೊಡನೆ ಅಳಿಸಿ ಮತ್ತೆ ಬರೆಯುತ್ತಿದ್ದರು. ಗುರುವು ಎದುರಿಗಿಲ್ಲದಿದ್ದರೂ ಒಬ್ಬರಿಗೊಬ್ಬರು ಕಲಿಸಿಕೊಳ್ಳುವ ಈ ಕ್ರಮವನ್ನು ಆ ವಿದೇಶೀಯನು ಮೆಚ್ಚಿದನು. ಮಠದ ಪಡಸಾಲೆಯಲ್ಲಿ ಸಾಲಾಗಿ ಕುಳಿತು ಮಗ್ಗಿ ಒಪ್ಪಿಸಿದ ನಮ್ಮ ಹಳೆಯ ವಿದ್ಯಾರ್ಥಿಗಳಿಗೆ ಈ ಚಿತ್ರ ಅಪರಿಚಿತವೆನಿಸದು.

ಕೆಳದಿಯವರಿಗೆ ಬಂದರಿನ ಬೆಲೆ ಚೆನ್ನಾಗಿ ಗೊತ್ತಿತ್ತು. 1637ರಲ್ಲಿ ಇಂಗ್ಲಿಷ್ ಹಡಗುಗಳು ಭಟ್ಕಳಕ್ಕೆ ಬಂದಾಗ, ಮೆಣಸಿನ ವ್ಯಾಪಾರಕ್ಕಾಗಿ ಅವರು ವೀರಭದ್ರನಾಯಕನ ಅನುಮತಿಯನ್ನು ಬೇಡಿ ಇಕ್ಕೇರಿಯವರೆಗೆ ನಡೆಯಬೇಕಾಯಿತು. ಶಿವಪ್ಪನಾಯಕನು 1654ರ ಹೊತ್ತಿಗೆ ಹೊನ್ನಾವರದಿಂದ ಪೋರ್ಚುಗೀಸರನ್ನು ಹೊರದೂಡಿದನು. ಹೊನ್ನಾವರದ ಎದುರು ಕಡಲಿನಲ್ಲಿ ಕಾಣುವ ಬಸವರಾಜದುರ್ಗವೆಂಬ ದ್ವೀಪಕೋಟೆ ಆ ಅರಸುಮನೆತನದ ಕುರುಹಾಗಿ ಇಂದಿಗೂ ನಿಂತಿದೆ. ಭೂಮಿಯ ಹುಟ್ಟುವಳಿಯನ್ನು ಲೆಕ್ಕಹಾಕಿ ಕಂದಾಯವನ್ನು ಗೊತ್ತುಪಡಿಸಿದ ಶಿವಪ್ಪನಾಯಕನ ‘ಶಿಸ್ತು’ ಕೋಟೆಗಳಿಗಿಂತಲೂ ಹೆಚ್ಚು ಬಾಳಿಕೆ ಬಂದಿತು. 1763ರಲ್ಲಿ ಹೈದರನು ಬಿದನೂರನ್ನು ಹಿಡಿದ ಮೇಲೂ, 1799ರಲ್ಲಿ ಟಿಪ್ಪುವಿನ ಪತನದ ನಂತರ ಕನ್ನಡ ಜಿಲ್ಲೆಯ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ ಹಳೆಯ ಕಂದಾಯದ ಲೆಕ್ಕಗಳನ್ನು ಪರಿಶೀಲಿಸುವಾಗಲೂ ಆ ಶಿಸ್ತನ್ನು ಅಲಕ್ಷಿಸುವಂತಿರಲಿಲ್ಲ.

ಬ್ರಿಟಿಷರ ಕಾಲದಲ್ಲಿ ಕುಮಟೆಯ ಸರದಿ ಬಂದಿತು. ಧಾರವಾಡ, ಹುಬ್ಬಳ್ಳಿ, ಗದಗು ಸೀಮೆಯ ಹತ್ತಿಯು ಶಿರಸಿಯ ಮೂಲಕ ದೇವಿಮನೆ ಘಟ್ಟವನ್ನಿಳಿದು, ಕುಮಟೆಯಿಂದ ಪತ್ತೆಮಾರಿಗಳಲ್ಲಿ ಮುಂಬಯಿಗೆ ಸಾಗುತ್ತಿತ್ತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಬಾರದಂತಾದಾಗ, ಬಯಲುಸೀಮೆಯ ರೈತನ ಹತ್ತಿಗೆ ಹಿಂದೆಂದೂ ಇಲ್ಲದ ಬೆಲೆ ಬಂದಿತು. ಹತ್ತಿ ವರ್ತಕರ ಒತ್ತಾಯವೂ ಕಾರಣವಾಗಿ 1862ರಲ್ಲಿ ಉತ್ತರ ಕನ್ನಡವು ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಇಲ್ಲೊಂದು ಸ್ವಾರಸ್ಯವುಂಟು. ಧಾರವಾಡ ಸೀಮೆಯ ಎರೆಹೊಲಗಳಲ್ಲಿ ಬೆಳೆದ ಹತ್ತಿಗೆ ಪೇಟೆಯಲ್ಲಿ ‘ಕುಮಟಾ ಹತ್ತಿ’ ಎಂದೇ ಹೆಸರಾಯಿತು. ಬೆಳೆದ ಊರೊಂದು, ಹೆಸರು ಪಡೆದ ಊರು ಇನ್ನೊಂದು! ಆದರೆ 1880ರ ದಶಕದಲ್ಲಿ ರೈಲು ಹುಬ್ಬಳ್ಳಿಯನ್ನು ಮುಟ್ಟಿ, ಅದು ಮುಂದೆ ಗೋವೆಯ ಮುರಗಾಂವ ಬಂದರನ್ನು ಸೇರಿದ ಮೇಲೆ ಘಟ್ಟದ ದಾರಿಯ ಹತ್ತಿಬಂಡಿಗಳ ಸಾಲು ಕರಗಿತು. ಕುಮಟೆಯಲ್ಲಿ ಉಳಿದದ್ದು ಹೆಸರು ಮಾತ್ರ.

ಕುದುರೆ ಹೋಯಿತು, ಮೆಣಸು ಹೋಯಿತು, ಹತ್ತಿಯೂ ಹೋಯಿತು. ಹಾಗಾದರೆ ಈ ಜನ ಬದುಕಿದ್ದು ಹೇಗೆ? ಹಡಗನ್ನು ನೆಚ್ಚದ ದುಡಿಮೆಯಿಂದ. ಅಘನಾಶಿನಿಯ ಗಜನಿಗದ್ದೆಗಳಲ್ಲಿ ಉಪ್ಪುನೀರನ್ನು ಸಹಿಸುವ ‘ಕಗ್ಗ’ವೆಂಬ ಭತ್ತವನ್ನು ಜನ ತಲೆಮಾರುಗಳಿಂದ ಬೆಳೆದರು. ಸಮುದ್ರದ ಉಬ್ಬರವನ್ನು ತಡೆಯುವ ಕಟ್ಟೆಯನ್ನು ಒಬ್ಬನೇ ರೈತನು ಕಾಯಲಾರ; ಊರೆಲ್ಲ ಕೂಡಿಯೇ ಕಾಯಬೇಕು. ಸಾಣಿಕಟ್ಟಾದ ಆಗರಗಳಲ್ಲಿ ಉಪ್ಪು ತೆಗೆದರು. ಇಂದು ಆ ಕೆಲಸ ಸಹಕಾರಿ ಸಂಘದ ಮೂಲಕ ನಡೆದಿದೆ. ಅಳಿವೆಯಲ್ಲಿ ಮೀನು, ಬೆಳಚು, ಕುಮಟೆಯ ಅಳ್ವೆಕೋಡಿಯ ಸುತ್ತ ಸಿಹಿ ಈರುಳ್ಳಿ, ಭಟ್ಕಳದಲ್ಲಿ ಮಲ್ಲಿಗೆ, ಗುಡಿಗಾರರ ಗಂಧದ ಕೆತ್ತನೆ, ಹೊನ್ನಾವರದ ಗುಣವಂತೆಯಲ್ಲಿ 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಸ್ಥಾಪಿಸಿದ ಯಕ್ಷಗಾನ ಮಂಡಳಿ. ಅರಸರ ಸುಂಕದ ಲೆಕ್ಕದಲ್ಲಿ ಇವುಗಳಿಗೆ ದೊಡ್ಡ ಸ್ಥಾನವಿಲ್ಲದಿರಬಹುದು. ಊರುಗಳು ಪಾಳುಬೀಳದಂತೆ ಹಿಡಿದು ನಿಲ್ಲಿಸಿದವು ಇವೇ.

ಈಗ ಮತ್ತೆ ದಾರಿಯ ಕಾಲ ಬಂದಿದೆ. 1998ರಲ್ಲಿ ಕೊಂಕಣ ರೈಲ್ವೆ ಪೂರ್ಣಗೊಂಡು, ಶರಾವತಿಯ ಮೇಲೆ ಎರಡು ಕಿಲೋಮೀಟರಿಗೂ ಉದ್ದವಾದ ಸೇತುವೆ ನಿಂತಿತು. 1964ರ ಲಿಂಗನಮಕ್ಕಿ ಅಣೆಕಟ್ಟಿನಿಂದ ಆ ನದಿಯ ಹರಿವು ಮೊದಲೇ ಮಾರ್ಪಟ್ಟಿತ್ತು. ಹೆದ್ದಾರಿ ಅಗಲವಾಗಿದೆ, 2024ರ ಜುಲೈಯಲ್ಲಿ ನೆರೆಯ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಪ್ರಾಣಹಾನಿಯಾದುದನ್ನೂ ನಾವು ಕಂಡೆವು. ಹೊನ್ನಾವರದ ಕಾಸರಕೋಡಿನಲ್ಲಿ ಬಂದರು ಕಟ್ಟುವ ಯೋಜನೆಗೆ ಅಲ್ಲಿಯ ಮೀನುಗಾರರು ತೀವ್ರ ವಿರೋಧ ವ್ಯಕ್ತಪಡಿಸಿದ್ದಾರೆ. ಇತ್ತ ದೊಡ್ಡ ಅಣೆಕಟ್ಟು ಕಾಣದೆ ಹರಿಯುವ ಅಘನಾಶಿನಿಯ ಅಳಿವೆಯು 2024ರಲ್ಲಿ ಅಂತಾರಾಷ್ಟ್ರೀಯ ಮಹತ್ತ್ವದ ರಾಮ್‌ಸಾರ್ ತಾಣಗಳ ಪಟ್ಟಿಯನ್ನು ಸೇರಿತು. ಆದರೆ ಗಜನಿಯ ಬಹುಭಾಗದಲ್ಲಿ ಸೀಗಡಿಯ ಹೊಂಡಗಳು ಬಂದು, ಕಗ್ಗದ ಗದ್ದೆಗಳು ಕುಗ್ಗಿವೆ.

ದಾರಿಯೂ ಬಂದರೂ ಬೇಡವೆಂದು ಯಾರೂ ಹೇಳಲಾರರು. ಆದರೆ ಈ ಸೀಮೆಯ ಇತಿಹಾಸವು ಒಂದು ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ: ಊರಿನ ಮೂಲಕ ಹಾದುಹೋಗುವ ಸಂಪತ್ತಿನಲ್ಲಿ ಊರಿನಲ್ಲಿ ನಿಲ್ಲುವುದೆಷ್ಟು? ಕಟ್ಟೆ ಕಾಯುವವನೂ ಬಲೆ ಬೀಸುವವನೂ ಈ ಲೆಕ್ಕದಲ್ಲಿ ಸೇರಿದ್ದಾರೆಯೇ? ಕಾಯಕಕ್ಕೆ ಗೌರವವಿತ್ತ ಪರಂಪರೆಯ ನಾವು ಈ ಪ್ರಶ್ನೆಯನ್ನು ಕೇಳದೆ ಇನ್ನಾರು ಕೇಳಬೇಕು?

ಸದ್ಭಕ್ತರಲ್ಲಿ ಕೊನೆಯದಾಗಿ ಒಂದು ವಿನಂತಿ. ಮುಂದಿನ ಸಲ ಘಟ್ಟವನ್ನಿಳಿಯುವಾಗ ಗೇರುಸೊಪ್ಪೆಯ ಬಸದಿಯಲ್ಲಿಯೂ ಮಿರ್ಜಾನದ ಕೋಟೆಯಲ್ಲಿಯೂ ಒಂದು ಗಳಿಗೆ ನಿಲ್ಲಿರಿ, ಮಕ್ಕಳನ್ನೂ ಕರೆದೊಯ್ಯಿರಿ. ತಮ್ಮ ಮನೆಯ ಅಟ್ಟದ ಮೇಲೆ ಹಿರಿಯರ ಕಾಲದ ಕಡತವೋ ವ್ಯಾಪಾರದ ಲೆಕ್ಕಪುಸ್ತಕವೋ ಇದ್ದರೆ ಅದನ್ನು ಗೆದ್ದಲಿಗೆ ಒಪ್ಪಿಸದೆ, ಓದಬಲ್ಲವರ ಕೈಗೆ ತಲುಪಿಸಿರಿ. ಆ ಬಾಲಕರು ಮರಳಿನ ಮೇಲೆ ಬರೆದ ಲೆಕ್ಕವು ನಮಗೆ ಉಳಿದದ್ದು ದಾರಿಹೋಕನೊಬ್ಬನು ಅದನ್ನು ಬರೆದಿಟ್ಟುದರಿಂದ. ನಮ್ಮ ಊರಿನ ಲೆಕ್ಕವನ್ನು ನಾವೇ ಬರೆದಿಡುವ ಹೊತ್ತು ಇನ್ನೂ ಮೀರಿಲ್ಲ.