ಮನೆಯಂಗಳದಲ್ಲಿ ಗಾಳಿಗೆ ಮರ ಉರುಳಿದರೆ: ಕೊಡಲಿ ಎತ್ತುವ ಮುನ್ನ ತಿಳಿದಿರಬೇಕಾದ ಸಂಗತಿಗಳು

ಶಿವಮೊಗ್ಗ: ಏಪ್ರಿಲ್–ಮೇ ತಿಂಗಳಲ್ಲಿ ಗುಡುಗು ಸಹಿತ ಮಳೆಯೊಡನೆ ಬೀಸುವ ಗಾಳಿ ಮಲೆನಾಡಿನ ಅಂಚಿನ ಊರುಗಳಿಗೆ ಹೊಸದಲ್ಲ. ಜೂನ್ ನಂತರ ನೆಲ ನೆನೆದು ಮೆತ್ತಗಾದಾಗ ಸಾಧಾರಣ ಗಾಳಿಗೂ ಮರ ಬುಡಮೇಲಾಗುವುದುಂಟು. ಶಿವಮೊಗ್ಗ–ಭದ್ರಾವತಿ ಹೆದ್ದಾರಿಯ ಮಗ್ಗುಲಲ್ಲಿರುವ ಮಲವಗೊಪ್ಪದಂತಹ ಪ್ರದೇಶಗಳಲ್ಲಿ ಹಳೆಯ ಹಿತ್ತಿಲ ಮಾವು, ಹಲಸು, ತೆಂಗುಗಳ ಪಕ್ಕದಲ್ಲೇ ಹೊಸ ಮನೆ, ವಿದ್ಯುತ್ ತಂತಿ, ವಾಹನ ನಿಲುಗಡೆ ಎಲ್ಲವೂ ಬಂದಿರುತ್ತವೆ. ಹೀಗಾಗಿ ಒಂದು ಮರ ಬಿದ್ದರೆ ಹಾನಿ ಒಂದೇ ಬಗೆಯದಾಗಿರುವುದಿಲ್ಲ.

ಬಿದ್ದ ಮರದ ಬಗ್ಗೆ ಜನರಲ್ಲಿ ಎರಡು ತಪ್ಪು ನಂಬಿಕೆಗಳಿವೆ. ಬಿದ್ದ ಮೇಲೆ ಅಪಾಯ ಮುಗಿಯಿತು ಎಂಬುದು ಒಂದು. ಬಿದ್ದ ಮರ ಬರೀ ಸೌದೆ, ಅದಕ್ಕೆ ಯಾರ ಅಪ್ಪಣೆಯೂ ಬೇಡ ಎಂಬುದು ಇನ್ನೊಂದು. ಮೊದಲನೆಯದು ಜೀವಕ್ಕೆ ಎರವಾಗಬಹುದು. ಎರಡನೆಯದು ಮಾಲೀಕರನ್ನು ಕಾನೂನಿನ ತೊಡಕಿಗೆ ಸಿಲುಕಿಸಬಹುದು.

ಮೊದಲು ವಿದ್ಯುತ್

ಕೊಂಬೆಯಲ್ಲಿ ಸಿಕ್ಕಿಕೊಂಡ ತಂತಿಯಲ್ಲಿ ವಿದ್ಯುತ್ ಇದೆಯೋ ಇಲ್ಲವೋ ಎಂಬುದನ್ನು ನೋಡಿ ಹೇಳಲಾಗದು. ಬೀದಿ ದೀಪ ಆರಿದೆ ಎಂಬುದು ಸಾಕ್ಷಿಯಲ್ಲ. ಪೂರೈಕೆ ಯಾವ ಕ್ಷಣದಲ್ಲಾದರೂ ಮರಳಬಹುದು. ನೆರೆಮನೆಯ ಜನರೇಟರ್‌ನಿಂದ ಹಿಮ್ಮುಖವಾಗಿಯೂ ಹರಿಯಬಹುದು. ಹಸಿ ಮರ, ಒದ್ದೆ ನೆಲ, ತಂತಿಬೇಲಿ ಇವೆಲ್ಲವೂ ವಿದ್ಯುತ್ತನ್ನು ಹರಿಸುತ್ತವೆ.

* ತಂತಿ ತಗುಲಿದ ಮರದಿಂದ ಕನಿಷ್ಠ 10 ಮೀಟರ್ ದೂರವಿರಬೇಕು. ಮಕ್ಕಳನ್ನೂ ಜಾನುವಾರುಗಳನ್ನೂ ಅತ್ತ ಬಿಡಬಾರದು.
* ಸಮೀಪದಲ್ಲಿದ್ದವರು ಎರಡೂ ಪಾದಗಳನ್ನು ಜೋಡಿಸಿ, ನೆಲದಿಂದ ಎತ್ತದೆ, ಸಣ್ಣದಾಗಿ ಸರಿಯುತ್ತ ದೂರ ಹೋಗಬೇಕು.
* ವಾಹನದ ಮೇಲೆ ತಂತಿ ಬಿದ್ದಿದ್ದರೆ, ಬೆಂಕಿಯ ಭಯ ಇಲ್ಲದಿದ್ದಲ್ಲಿ, ನೆರವು ಬರುವವರೆಗೆ ಒಳಗೇ ಕುಳಿತಿರುವುದು ಕ್ಷೇಮ.
* ಮರ ಚಾವಣಿಯ ಮೇಲೆ ಬಿದ್ದಿದ್ದರೆ ಮನೆಯವರೆಲ್ಲ ಹೊರಬರಬೇಕು. ಅಪಾಯವಿಲ್ಲದೆ ಕೈಗೆ ಸಿಗುವಂತಿದ್ದರೆ ಮಾತ್ರ ಮುಖ್ಯ ಸ್ವಿಚ್ ಹಾಗೂ ಅಡುಗೆ ಅನಿಲದ ರೆಗ್ಯುಲೇಟರ್ ಬಂದ್ ಮಾಡಬಹುದು.

ಶಿವಮೊಗ್ಗ ಜಿಲ್ಲೆಗೆ ವಿದ್ಯುತ್ ಪೂರೈಸುವ ಸಂಸ್ಥೆ ಮೆಸ್ಕಾಂ. ಅದರ ಸಹಾಯವಾಣಿ 1912. ಮಾರ್ಗ ಕಡಿತಗೊಂಡಿದೆ ಎಂದು ಸಿಬ್ಬಂದಿ ಖಚಿತಪಡಿಸುವವರೆಗೆ ಮರವನ್ನು ಮುಟ್ಟಕೂಡದು.

ಮರ ಯಾರದು?

ಬೇರು ಯಾರ ನೆಲದಲ್ಲಿದೆ ಎಂಬುದೇ ಮೊದಲ ಪ್ರಶ್ನೆ. ರಸ್ತೆಬದಿಯ ಸಾಲುಮರ ಕಾಂಪೌಂಡಿನೊಳಗೆ ಬಿದ್ದ ಮಾತ್ರಕ್ಕೆ ಮನೆ ಮಾಲೀಕರದಾಗುವುದಿಲ್ಲ. ಅದನ್ನು ಕಡಿದು ಮಾರುವ ಹಕ್ಕು ಅವರಿಗಿಲ್ಲ. ನಗರಾಡಳಿತ ಅಥವಾ ಅರಣ್ಯ ಇಲಾಖೆಗೆ ತಿಳಿಸಬೇಕು.

ಸ್ವಂತ ನೆಲದ ಮರಕ್ಕೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ. ಖಾಸಗಿ ಜಮೀನಿನ ಮರ ಕಡಿಯಲೂ ವೃಕ್ಷಾಧಿಕಾರಿಯ ಪೂರ್ವಾನುಮತಿ ಬೇಕು ಎನ್ನುತ್ತದೆ ಕಾಯ್ದೆಯ 8ನೇ ಪ್ರಕರಣ. ಆದರೆ ಅದೇ ಪ್ರಕರಣದಲ್ಲಿ ಮಾಲೀಕರಿಗೆ ಅನುಕೂಲವಾದ ಅಂಶವೂ ಇದೆ. ಒಣಗಿದ, ರೋಗ ತಗುಲಿದ ಅಥವಾ ಗಾಳಿಗೆ ಬಿದ್ದ ಮರಕ್ಕೆ, ಜೀವಕ್ಕೂ ಆಸ್ತಿಗೂ ಅಪಾಯವೊಡ್ಡಿರುವ ಮರಕ್ಕೆ, ಸಂಚಾರಕ್ಕೆ ಅಡ್ಡಿಯಾದ ಮರಕ್ಕೆ ಅನುಮತಿ ನಿರಾಕರಿಸುವಂತಿಲ್ಲ. ಅಂದರೆ ಅರ್ಜಿ ಸಲ್ಲಿಸಬೇಕು. ಗಾಳಿಗೆ ಬಿದ್ದುದು ನಿಜವಾಗಿದ್ದರೆ ಅನುಮತಿ ಸಿಗಬೇಕು. ಆದ್ದರಿಂದಲೇ ಬಿದ್ದ ಸ್ಥಿತಿಯಲ್ಲಿರುವ ಮರದ ಛಾಯಾಚಿತ್ರ, ಅದರಲ್ಲೂ ಕಿತ್ತುಬಂದ ಬುಡದ ಚಿತ್ರ, ಮುಖ್ಯವಾದ ಸಾಕ್ಷಿ. ಅರ್ಜಿಯಲ್ಲಿ ಮರದ ಜಾತಿ, ಸಂಖ್ಯೆ, ಜಾಗದ ವಿವರಗಳನ್ನು ನಮೂದಿಸಿ ಅರಣ್ಯ ಇಲಾಖೆಯ ಸ್ಥಳೀಯ ಕಚೇರಿಗೆ ನೀಡಬೇಕು.

ತೆಂಗು, ನೀಲಗಿರಿ, ಸಿಲ್ವರ್ ಓಕ್, ಸುಬಾಬುಲ್, ರಬ್ಬರ್ ಮುಂತಾದ ಕೆಲವು ಜಾತಿಗಳಿಗೆ ಈ ಅನುಮತಿಯಿಂದ ವಿನಾಯಿತಿ ಇದೆ. ತೇಗ, ಬೀಟೆಯಂತಹ ಮರಗಳ ವಿಷಯ ಬೇರೆ. ಅವುಗಳ ದಿಮ್ಮಿಯನ್ನು ಸಾಮಿಲ್ಲಿಗೆ ಒಯ್ಯಲು ಅರಣ್ಯ ಇಲಾಖೆಯ ರಹದಾರಿ ಬೇಕು. ಶ್ರೀಗಂಧದ ಮರದ ಹಕ್ಕು 2001ರ ತಿದ್ದುಪಡಿಯಿಂದ ಜಮೀನಿನ ಮಾಲೀಕರಿಗೆ ದೊರೆತಿದ್ದರೂ ಕಟಾವು, ಸಾಗಣೆ, ಮಾರಾಟಗಳಿಗೆ ಪ್ರತ್ಯೇಕ ನಿಯಮಗಳಿವೆ. ಗಂಧದ ಮರ ಬಿದ್ದರೆ ಒಂದು ತುಂಡನ್ನೂ ಕದಲಿಸದೆ ಇಲಾಖೆಗೆ ತಿಳಿಸುವುದು ಜಾಣತನ.

ಕತ್ತರಿಸುವಾಗ

ಬುಡಮೇಲಾದ ಮರದ ಬೇರಿನ ಗಡ್ಡೆ ಕಾಂಡದ ಭಾರದಿಂದ ಮಾತ್ರ ಮೇಲೆದ್ದು ನಿಂತಿರುತ್ತದೆ. ಕಾಂಡ ಕತ್ತರಿಸಿದ ಕೂಡಲೇ ಗಡ್ಡೆ ಮತ್ತೆ ಗುಂಡಿಗೆ ಬೀಳಬಹುದು. ಆ ಗುಂಡಿಯಲ್ಲಿ ಯಾರೂ ಇಳಿದಿರಬಾರದು. ಗೋಡೆಗೋ ನೆಲಕ್ಕೋ ಒತ್ತಿಕೊಂಡು ಬಾಗಿದ ಕೊಂಬೆ ಬಿಲ್ಲಿನಂತೆ ಬಿಗಿದಿರುತ್ತದೆ. ಗರಗಸ ತಾಗಿದಾಗ ಸಿಡಿದು ಹೊಡೆಯುತ್ತದೆ. ಪಕ್ಕದ ಮರದಲ್ಲಿ ಸಿಕ್ಕಿ ನೇತಾಡುವ ಕೊಂಬೆಯ ಕೆಳಗೆ ನಿಲ್ಲುವುದೂ ಅಪಾಯಕರ. ನೆಲದ ಮೇಲಿನ ಸಣ್ಣ ರೆಂಬೆಗಳನ್ನು ಮನೆಯವರು ತೆಗೆಯಬಹುದು. ಚಾವಣಿಯ ಮೇಲಿನ ಭಾಗವನ್ನೂ ದೊಡ್ಡ ಕಾಂಡವನ್ನೂ ಅನುಭವಸ್ಥ ಕೆಲಸಗಾರರಿಗೇ ಬಿಡಬೇಕು. ಯಂತ್ರದ ಗರಗಸ ಹಿಡಿದು ಏಣಿ ಹತ್ತುವುದಂತೂ ಸಲ್ಲದು.

ಎಳೆಯ ಗಿಡ ವಾಲಿದ್ದು, ಹೆಚ್ಚಿನ ಬೇರುಗಳು ಮಣ್ಣಿನಲ್ಲೇ ಇದ್ದರೆ ಅದನ್ನು ಕಡಿಯಬೇಕಿಲ್ಲ. ನೆಲ ಹಸಿ ಇರುವಾಗಲೇ ನಿಧಾನವಾಗಿ ನೆಟ್ಟಗೆ ಮಾಡಿ, ಮಣ್ಣು ಏರಿಸಿ ಊರುಗೋಲು ಕೊಟ್ಟರೆ ಚೇತರಿಸಿಕೊಳ್ಳುತ್ತದೆ.

ಪರಿಹಾರ ಮತ್ತು ವಿಮೆ

ಮನೆಗೆ ಹಾನಿಯಾಗಿದ್ದರೆ ಗ್ರಾಮ ಆಡಳಿತಾಧಿಕಾರಿ ಅಥವಾ ತಹಶೀಲ್ದಾರ್ ಕಚೇರಿಗೆ ಕೂಡಲೇ ಲಿಖಿತವಾಗಿ ತಿಳಿಸಿ, ಸ್ಥಳ ಪರಿಶೀಲನೆ ಮಾಡಿಸಬೇಕು. ವಿಕೋಪ ಪರಿಹಾರಕ್ಕೆ ಸಂಬಂಧಿಸಿದ 2022ರ ಕೇಂದ್ರ ಮಾರ್ಗಸೂಚಿಯಲ್ಲಿ ಮೃತರ ಕುಟುಂಬಕ್ಕೆ 4 ಲಕ್ಷ ರೂಪಾಯಿ ನಿಗದಿಯಾಗಿದೆ. ಪ್ರಾಣಹಾನಿಯಾದಲ್ಲಿ ಪೊಲೀಸ್ ದೂರು, ಮರಣೋತ್ತರ ಪರೀಕ್ಷೆಯ ವರದಿಗಳನ್ನು ಜೋಪಾನವಾಗಿಡಬೇಕು.

2021ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ‘ಭಾರತ್ ಗೃಹ ರಕ್ಷಾ’ ಮಾದರಿ ವಿಮೆಯಲ್ಲಿ ಬಿರುಗಾಳಿಯ ಹಾನಿಯೂ ಮರ ಬಿದ್ದು ಆಗುವ ಹಾನಿಯೂ ಸೇರಿವೆ. ವಾಹನಕ್ಕೆ ಸಮಗ್ರ ವಿಮೆ ಇದ್ದರೆ ಪರಿಹಾರ ಕೇಳಬಹುದು. ಕೇವಲ ಮೂರನೇ ವ್ಯಕ್ತಿ ವಿಮೆ ಇದ್ದರೆ ಸ್ವಂತ ವಾಹನದ ಹಾನಿಗೆ ಏನೂ ದೊರೆಯದು. ಎರಡರಲ್ಲೂ ಮರ ತೆರವುಗೊಳಿಸುವ ಮುನ್ನ ಚಿತ್ರ ತೆಗೆದು ಕಂಪನಿಗೆ ತಿಳಿಸಬೇಕು.

ನೆರೆಯವರ ಮೇಲೆ ಬಿದ್ದರೆ

ಆರೋಗ್ಯವಂತ ಮರ ಅಸಾಧಾರಣ ಗಾಳಿಗೆ ಬಿದ್ದರೆ ಅದು ದೈವಘಟನೆ ಎಂದು ಮಾಲೀಕರು ವಾದಿಸಬಹುದು. ಮರ ಟೊಳ್ಳಾಗಿದ್ದುದು ತಿಳಿದೂ ಸುಮ್ಮನಿದ್ದರೆ ಆ ವಾದ ನಿಲ್ಲುವುದು ಕಷ್ಟ. ದೆಹಲಿಯಲ್ಲಿ 1964ರಲ್ಲಿ ರಸ್ತೆಬದಿ ಮರದ ಕೊಂಬೆ ಬಿದ್ದು ಸ್ಕೂಟರ್ ಸವಾರರೊಬ್ಬರು ಮೃತಪಟ್ಟ ಪ್ರಕರಣದಲ್ಲಿ, ಮರವನ್ನು ಸುಸ್ಥಿತಿಯಲ್ಲಿಡದ ಪಾಲಿಕೆಯೇ ಹೊಣೆ ಎಂದು ಸುಪ್ರೀಂ ಕೋರ್ಟ್ 1999ರಲ್ಲಿ ತೀರ್ಪಿತ್ತಿತು. ಮರದ ಒಡೆಯರು ಅದನ್ನು ಆಗಾಗ್ಗೆ ಗಮನಿಸುತ್ತಿರಬೇಕು ಎಂಬುದು ಅದರ ಸಾರ.

ಮಳೆಗಾಲಕ್ಕೆ ಮುನ್ನ

ಬುಡದಲ್ಲಿ ಅಣಬೆ, ಕಾಂಡದಲ್ಲಿ ಪೊಟರೆ, ಒಂದು ಬದಿಯಲ್ಲಿ ಬಿರುಕು ಬಿಟ್ಟ ಮಣ್ಣು, ಇತ್ತೀಚೆಗೆ ಕಾಣಿಸಿಕೊಂಡ ವಾಲಿಕೆ, ಚರಂಡಿ ಅಗೆಯುವಾಗ ತುಂಡಾದ ಬೇರು ಇವು ಮುನ್ಸೂಚನೆಗಳು. ಬುಡದವರೆಗೆ ಕಾಂಕ್ರೀಟ್ ಹಾಕುವುದು ಮರವನ್ನು ದುರ್ಬಲಗೊಳಿಸುತ್ತದೆ. ಕೊಂಬೆ ಸವರುವುದೂ ಕಾಯ್ದೆಯ ವ್ಯಾಪ್ತಿಗೆ ಬರುವುದರಿಂದ ದೊಡ್ಡ ಕೊಂಬೆಗಳಿಗೆ ಮೊದಲೇ ಅನುಮತಿ ಪಡೆಯಬೇಕು. ತಂತಿಗೆ ತಾಗುವ ಕೊಂಬೆಯನ್ನು ಮೆಸ್ಕಾಂ ಗಮನಕ್ಕೆ ತರಬೇಕು. ಬಿದ್ದ ಮರದ ಬದಲಿಗೆ ತಂತಿಯಿಂದಲೂ ಗೋಡೆಯಿಂದಲೂ ದೂರದಲ್ಲಿ ಇನ್ನೊಂದು ಸಸಿ ನೆಡುವುದನ್ನು ಮರೆಯಬಾರದು.

ತುರ್ತು ಕರೆಗೆ: ಮೆಸ್ಕಾಂ 1912, ಪೊಲೀಸ್ ಹಾಗೂ ಅಗ್ನಿಶಾಮಕ 112, ಜಿಲ್ಲಾ ವಿಕೋಪ ನಿಯಂತ್ರಣ ಕೊಠಡಿ 1077.