ಪಕ್ಕವಾದ್ಯದ ಚರಿತ್ರೆ ಬರೆದ ಕ್ಯಾಮೆರಾ

ಸಂಗೀತದ ಚರಿತ್ರೆಯನ್ನು ನಾವು ಬಹುಮಟ್ಟಿಗೆ ಗಾಯಕರ ಚರಿತ್ರೆಯೆಂದೇ ಓದುತ್ತ ಬಂದಿದ್ದೇವೆ. ಘರಾಣೆಗಳ ಹೆಸರು, ಗುರುಶಿಷ್ಯರ ವಂಶಾವಳಿ, ದೊರೆತ ಬಿರುದುಬಾವಲಿ ಇವುಗಳಿಂದ ನಮ್ಮ ಪುಟಗಳು ತುಂಬಿಹೋಗುತ್ತವೆ. ಮುಖ್ಯ ಕಲಾವಿದರ ಎಡಬಲಗಳಲ್ಲಿ ಕುಳಿತು ತಬಲಾ ನುಡಿಸಿದವರು, ಹಾರ್ಮೋನಿಯಂ ಒತ್ತಿದವರು, ಇಡೀ ರಾತ್ರಿ ತಂಬೂರಿ ಮೀಟಿದವರು ಆ ಪುಟಗಳ ಅಂಚಿನಲ್ಲಿಯೂ ಕಾಣಸಿಗುವುದು ಅಪರೂಪ. ಸೊಲ್ಲಾಪುರ, ಅಕ್ಕಲಕೋಟ, ಜತ್ತ ಸೀಮೆಯ ಕನ್ನಡಿಗರಾದ ನಮಗೆ ಅಂಚಿನಲ್ಲಿ ಕುಳಿತವರ ಸ್ಥಿತಿ ತೀರ ಅಪರಿಚಿತವಾದುದೇನಲ್ಲ. ಆದ್ದರಿಂದಲೇ ವಿನ್ಯಾಸ ಶಾಲೆಯ ವಿದ್ಯಾರ್ಥಿನಿಯೊಬ್ಬಳು ಕ್ಯಾಮೆರಾ ಹಿಡಿದು ತಬಲಾ ವಾದಕರೊಬ್ಬರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಕಥೆಯನ್ನು ಈ ಸಂಚಿಕೆಯ ಓದುಗರ ಮುಂದಿಡಬಯಸುತ್ತೇವೆ. ಅದು ಅಹಮದಾಬಾದಿನಲ್ಲಿ ಆರಂಭವಾದ ಕಥೆಯಾದರೂ, ಅದರಿಂದ ನಾವು ಕಲಿಯಬೇಕಾದ ಪಾಠ ನಮ್ಮ ಮನೆಯ ಅಟ್ಟದ ಮೇಲಿನ ಪೆಟ್ಟಿಗೆಯವರೆಗೂ ಬಂದು ನಿಲ್ಲುತ್ತದೆ.

ಮೊದಲಿಗೆ, ಅದಕ್ಕೂ ಹಿಂದೆ ಸಂಗೀತಗಾರರ ದಾಖಲೆ ಯಾವ ರೂಪದಲ್ಲಿ ಉಳಿಯುತ್ತಿತ್ತು ಎಂಬುದನ್ನು ನೋಡೋಣ. 1902ರಲ್ಲಿ ಕಲಕತ್ತೆಯಲ್ಲಿ ಗೌಹರ್ ಜಾನ್ ಅವರ ಹಾಡುಗಾರಿಕೆ ಧ್ವನಿಮುದ್ರಣಗೊಂಡಿತು. ಅಲ್ಲಿಂದ ಮುಂದೆ ಭಾರತೀಯ ಸಂಗೀತವು ತಟ್ಟೆಯ ಮೇಲೆ ಉಳಿಯತೊಡಗಿತು. ಆದರೆ ಆ ಕಾಲದ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷಗಳ ಗಾಯನ ಮಾತ್ರ. ಎರಡು ಗಂಟೆಗಳ ಕಾಲ ಅರಳಬೇಕಾದ ರಾಗವು ಮೂರು ನಿಮಿಷಗಳಲ್ಲಿ ತನ್ನ ಗುರುತನ್ನಷ್ಟೇ ಹೇಳಿ ಮುಗಿಸಬೇಕಾಗಿತ್ತು. ತಟ್ಟೆಯ ನಡುವಿನ ಕಾಗದದ ಮೇಲೆ ಗಾಯಕರ ಹೆಸರಿರುತ್ತಿತ್ತು, ರಾಗದ ಹೆಸರಿರುತ್ತಿತ್ತು. ತಬಲಾ ನುಡಿಸಿದವರ ಹೆಸರು ಬಹುಪಾಲು ಇರುತ್ತಿರಲಿಲ್ಲ.

ಚಿತ್ರಗಳ ಸ್ಥಿತಿಯೂ ಇದಕ್ಕಿಂತ ಬಹಳ ಬೇರೆಯಾಗಿರಲಿಲ್ಲ. ಕಲಾವಿದರು ಸ್ಟುಡಿಯೋಕ್ಕೆ ಹೋಗಿ, ಬಣ್ಣ ಬಳಿದ ಪರದೆಯ ಮುಂದೆ, ರುಮಾಲು ಸುತ್ತಿ, ಪದಕಗಳನ್ನು ಧರಿಸಿ, ವಾದ್ಯವನ್ನು ತೊಡೆಯ ಮೇಲಿರಿಸಿಕೊಂಡು ಅಲುಗಾಡದೆ ಕುಳಿತುಕೊಳ್ಳುತ್ತಿದ್ದರು. ಆ ಚಿತ್ರಗಳು ಅಮೂಲ್ಯವೆಂಬುದರಲ್ಲಿ ಸಂಶಯವಿಲ್ಲ. ಕಲಾವಿದರು ಹೇಗೆ ಕಾಣಿಸಿಕೊಳ್ಳಬಯಸಿದ್ದರೆಂಬುದನ್ನು ಅವು ಹೇಳುತ್ತವೆ. ಆದರೆ ಅವರು ಹೇಗೆ ಹಾಡಿದರು, ಹಾಡುವಾಗ ಕೈ ಎಲ್ಲಿಗೆ ಚಾಚುತ್ತಿತ್ತು, ಸಮಕ್ಕೆ ಬಂದಾಗ ತಬಲಾ ವಾದಕರ ಕಣ್ಣನ್ನು ಹೇಗೆ ಸಂಧಿಸುತ್ತಿತ್ತು ಎಂಬುದನ್ನು ಅವು ಹೇಳಲಾರವು.

35 ಮಿಲಿಮೀಟರ್ ಫಿಲ್ಮಿನ ಚಿಕ್ಕ ಕ್ಯಾಮೆರಾ ಮತ್ತು ಮಂದ ಬೆಳಕಿನಲ್ಲಿಯೂ ಚಿತ್ರ ಹಿಡಿಯಬಲ್ಲ ವೇಗದ ಫಿಲ್ಮು ಬಂದ ಮೇಲೆ ಈ ಕೊರತೆ ನೀಗುವ ದಾರಿ ತೆರೆಯಿತು. ಆದರೂ ಕಚೇರಿಯ ಛಾಯಾಗ್ರಹಣ ಸುಲಭದ ಕೆಲಸವಾಗಲಿಲ್ಲ. ಫ್ಲ್ಯಾಶ್ ಬೆಳಗಿದರೆ ಕಲಾವಿದರ ಏಕಾಗ್ರತೆಗೆ ಭಂಗ. ವಿಲಂಬಿತದ ಮೌನದಲ್ಲಿ ಶಟರಿನ ಸಣ್ಣ ಸದ್ದೂ ರಸಭಂಗವೇ. ಒಂದು ಸುರುಳಿಯಲ್ಲಿದ್ದುದು 36 ಚಿತ್ರಗಳು. ಒಂದೊಂದಕ್ಕೂ ಹಣ ತೆರಬೇಕು, ಫಲಿತಾಂಶ ತಿಳಿಯಬೇಕಾದರೆ ಕತ್ತಲ ಕೋಣೆಯವರೆಗೆ ಕಾಯಬೇಕು. ತಬಲಾ ವಾದಕರ ವಿಷಯದಲ್ಲಂತೂ ಇನ್ನೊಂದು ತೊಡಕು. ಬೆರಳುಗಳು ಕಣ್ಣಿಗೂ ನಿಲುಕದ ವೇಗದಲ್ಲಿ ಚಲಿಸುತ್ತವೆ. ಮಂದ ಬೆಳಕಿನಲ್ಲಿ ಶಟರನ್ನು ನಿಧಾನಗೊಳಿಸಿದರೆ ಕೈ ಮಂಜಿನಂತೆ ಕರಗುತ್ತದೆ. ವೇಗಗೊಳಿಸಿದರೆ ಚಿತ್ರವೇ ಕಪ್ಪಾಗುತ್ತದೆ. ಪತ್ರಿಕೆಗೆ ಬೇಕಾದುದು ಒಂದೇ ಚಿತ್ರವಾದ್ದರಿಂದ ಪತ್ರಿಕಾ ಛಾಯಾಗ್ರಾಹಕರು ಮೊದಲ ಕೆಲವು ನಿಮಿಷಗಳಲ್ಲಿ ಕೆಲಸ ಮುಗಿಸಿ ಹೊರಡುವುದು ವಾಡಿಕೆಯಾಗಿತ್ತು. ರಾಗ ಆಗಿನ್ನೂ ಬಾಗಿಲು ತೆರೆಯುತ್ತಿರುತ್ತಿತ್ತು.

ಈ ಹಿನ್ನೆಲೆಯಲ್ಲಿ ದಯಾನಿತಾ ಸಿಂಗ್ ಅವರ ಪ್ರವೇಶವನ್ನು ಗಮನಿಸಬೇಕು. 1961ರಲ್ಲಿ ದೆಹಲಿಯಲ್ಲಿ ಜನಿಸಿದ ಅವರ ತಾಯಿ ನೋನಿ ಸಿಂಗ್ ಸ್ವತಃ ಉತ್ಸಾಹದಿಂದ ಚಿತ್ರ ತೆಗೆಯುತ್ತಿದ್ದವರು. ಮಗಳು ಮಾತ್ರ ಛಾಯಾಗ್ರಾಹಕಿಯಾಗುವ ಉದ್ದೇಶದಿಂದ ಹೊರಟವಳಲ್ಲ. 1980ರ ಸುಮಾರಿಗೆ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ದೃಶ್ಯ ಸಂವಹನವನ್ನು ಕಲಿಯಲು ಸೇರಿದಳು. ತರಗತಿಯ ಅಭ್ಯಾಸವೊಂದಕ್ಕೆ ಒಬ್ಬ ವ್ಯಕ್ತಿಯ ಚಿತ್ರಗಳು ಬೇಕಾದಾಗ ಅವಳು ಆರಿಸಿಕೊಂಡುದು ಆಗ ಮೂವತ್ತರ ಹರೆಯದಲ್ಲಿದ್ದ ತಬಲಾ ವಾದಕ ಜಾಕಿರ್ ಹುಸೇನ್ ಅವರನ್ನು.

1981ರ ಆ ಕಚೇರಿಯ ಪ್ರಸಂಗವನ್ನು ದಯಾನಿತಾ ಅವರೇ ಅನೇಕ ಬಾರಿ ಹೇಳಿಕೊಂಡಿದ್ದಾರೆ. ಚಿತ್ರ ತೆಗೆಯಲು ಮುಂದಾದ ಹುಡುಗಿಯನ್ನು ಸಂಘಟಕರೊಬ್ಬರು ತಡೆದು ತಳ್ಳಿದರು. ಅವಳು ಎಲ್ಲರೆದುರು ಬಿದ್ದಳು. ಕಚೇರಿ ಮುಗಿದ ಮೇಲೆ ಅವಳು ನೇರವಾಗಿ ಜಾಕಿರ್ ಹುಸೇನ್ ಅವರೆದುರು ನಿಂತು, ಇಂದು ತಾನು ಬರಿಯ ವಿದ್ಯಾರ್ಥಿನಿ, ಮುಂದೊಂದು ದಿನ ಗಣ್ಯ ಛಾಯಾಗ್ರಾಹಕಿಯಾಗುವೆ, ಆಗ ನೋಡೋಣ ಎಂಬ ಅರ್ಥದ ಮಾತನ್ನಾಡಿದಳು. ಕಲಾವಿದರು ಕೋಪಗೊಳ್ಳಲಿಲ್ಲ, ಚಿತ್ರ ತೆಗೆಯಲು ಅನುಮತಿ ಕೊಟ್ಟರು. ಇಪ್ಪತ್ತರ ಹುಡುಗಿಯ ರೋಷವನ್ನು ಹೀಗೆ ಆದರಿಸಿದ ಹಿರಿತನವೂ ಈ ಚರಿತ್ರೆಯ ಒಂದು ಭಾಗವೆಂದು ನಾವು ಭಾವಿಸುತ್ತೇವೆ.

ಒಂದು ತರಗತಿಯ ಅಭ್ಯಾಸ ಅಲ್ಲಿಗೇ ಮುಗಿಯಬಹುದಿತ್ತು, ಮುಗಿಯಲಿಲ್ಲ. ಉತ್ತರ ಭಾರತದಲ್ಲಿ ಚಳಿಗಾಲವೆಂದರೆ ಸಂಗೀತ ಸಮ್ಮೇಳನಗಳ ಕಾಲ. ಅಮೆರಿಕೆಯ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ್ದ ಜಾಕಿರ್ ಹುಸೇನ್ ಆ ದಿನಗಳಲ್ಲಿ ಭಾರತಕ್ಕೆ ಬಂದು ಊರೂರು ಸಂಚರಿಸುತ್ತಿದ್ದರು. ಆರು ಚಳಿಗಾಲಗಳ ಕಾಲ ದಯಾನಿತಾ ಅವರೊಡನೆ ಮತ್ತು ಅವರ ಸಹಕಲಾವಿದರೊಡನೆ ಪ್ರಯಾಣ ಮಾಡಿದರು. ವೇದಿಕೆಯ ಮೇಲಿನ ಆವೇಶವನ್ನು ಎಷ್ಟು ಆಸಕ್ತಿಯಿಂದ ನೋಡಿದರೋ ವೇದಿಕೆಯಾಚೆಯ ಗಂಟೆಗಳನ್ನೂ ಅಷ್ಟೇ ಆಸಕ್ತಿಯಿಂದ ನೋಡಿದರು. ತಾಲೀಮು, ಪ್ರಯಾಣ, ಹರಟೆ, ಮನೆ, ಮಕ್ಕಳು, ತಂದೆಯ ಸನ್ನಿಧಿ ಎಲ್ಲವೂ ಕಪ್ಪು-ಬಿಳುಪಿನಲ್ಲಿ ಸೇರುತ್ತ ಹೋದವು. ಕಚೇರಿಯ ಎರಡು ಗಂಟೆಗಳ ಹಿಂದೆ ಎಂತಹ ದಿನಚರಿಯಿದೆ ಎಂಬುದು ಆ ಚಿತ್ರಗಳಿಂದ ತಿಳಿಯುತ್ತದೆ.

ಈ ಕೆಲಸದ ಚಾರಿತ್ರಿಕ ಮಹತ್ವ ತಬಲಾದ ಸ್ಥಾನಮಾನದೊಡನೆ ಹೆಣೆದುಕೊಂಡಿದೆ. ಜಾಕಿರ್ ಅವರ ತಂದೆ ಉಸ್ತಾದ್ ಅಲ್ಲಾರಖಾ ಪಂಜಾಬ ಘರಾಣೆಯ ಮಹಾವಾದಕರು. ಪಂಡಿತ ರವಿಶಂಕರರ ಜತೆ 1967ರಲ್ಲಿ ಮಾಂಟೆರೆ, 1969ರಲ್ಲಿ ವುಡ್‌ಸ್ಟಾಕ್ ಉತ್ಸವಗಳಲ್ಲಿ ನುಡಿಸಿ, ಪಕ್ಕದಲ್ಲಿ ಕುಳಿತವರತ್ತಲೂ ಜಗತ್ತು ತಿರುಗಿ ನೋಡುವಂತೆ ಮಾಡಿದವರು. ಆ ಪೀಳಿಗೆ ತೆರೆದ ಹಾದಿಯಲ್ಲಿ ಮಗ ಇನ್ನಷ್ಟು ಮುಂದೆ ಸಾಗಿದರು. ಜಾನ್ ಮೆಕ್ಲಾಲಿನ್, ಎಲ್. ಶಂಕರ್, ವಿಕ್ಕು ವಿನಾಯಕರಾಮ್ ಅವರೊಡನೆ ಕಟ್ಟಿದ ‘ಶಕ್ತಿ’ ತಂಡದಲ್ಲಿ ತಬಲಾ ಯಾರಿಗೂ ಪಕ್ಕವಾದ್ಯವಾಗಿರಲಿಲ್ಲ. ಸರಿಸಮಾನರ ಸಭೆಯಲ್ಲಿ ಅದೂ ಒಂದು ದನಿಯಾಗಿತ್ತು. 1986ರಲ್ಲಿ ದಯಾನಿತಾ ಅವರ ಮೊದಲ ಪುಸ್ತಕ ‘ಜಾಕಿರ್ ಹುಸೇನ್’ ಹೊರಬಂದಾಗ, ಗಾಯಕರಿಗೆ ಸಲ್ಲುತ್ತಿದ್ದ ಗಮನ ಪೂರ್ಣವಾಗಿ ಒಬ್ಬ ತಬಲಾ ವಾದಕರಿಗೆ ಸಂದಿತ್ತು. ವಿದ್ಯಾರ್ಥಿನಿಯು ಚಿತ್ರಗಳನ್ನು ಕೈಯಾರೆ ಜೋಡಿಸಿ ಸಿದ್ಧಪಡಿಸಿದ್ದ ಆ ಪುಸ್ತಕದ ಮಾದರಿ ಪ್ರತಿಯನ್ನೇ ಜರ್ಮನಿಯ ಸ್ಟೈಡ್ಲ್ ಪ್ರಕಾಶನ 2019ರಲ್ಲಿ ಯಥಾವತ್ತಾಗಿ ಮುದ್ರಿಸಿತು. ಕಲಿಕೆಯ ಕಾಲದ ಕೆಲಸವೊಂದು ಮೂವತ್ತಮೂರು ವರ್ಷಗಳ ನಂತರ ಕಲಾಕೃತಿಯೆಂದು ಮನ್ನಣೆ ಪಡೆಯಿತು.

ದಯಾನಿತಾ ಅವರು ಜಾಕಿರ್ ಹುಸೇನ್ ಅವರನ್ನು ತಮ್ಮ ಮೊದಲ ಗುರುವೆಂದು ಕರೆಯುತ್ತಾರೆ. ತಬಲಾ ಕಲಿಸಿದ್ದಕ್ಕಾಗಿ ಅಲ್ಲ; ರಿಯಾಜ್ ಎಂದರೇನೆಂದು ತೋರಿಸಿದ್ದಕ್ಕಾಗಿ. ಒಂದೇ ಕಾಯ್ದೆಯನ್ನು ನೂರಾರು ಸಲ ನುಡಿಸಿ ಕೈಗೆ ಒಗ್ಗಿಸಿಕೊಳ್ಳುವ ವಾದಕರನ್ನು ಹತ್ತಿರದಿಂದ ಕಂಡವರಿಗೆ, ಒಂದೇ ವಿಷಯಕ್ಕೆ ಮತ್ತೆ ಮತ್ತೆ ಮರಳುವುದರಲ್ಲಿ ಬೇಸರ ಹುಟ್ಟಲಾರದು. ಮುಂದೆ ನ್ಯೂಯಾರ್ಕಿನಲ್ಲಿ ಛಾಯಾಗ್ರಹಣವನ್ನು ಅಭ್ಯಸಿಸಿ, ಪುಸ್ತಕವನ್ನೇ ವಸ್ತುಸಂಗ್ರಹಾಲಯವಾಗಿಸುವ ಹೊಸ ಪ್ರಯೋಗಗಳನ್ನು ಕೈಗೊಂಡು, 2022ರಲ್ಲಿ ಹ್ಯಾಸಲ್‌ಬ್ಲಾಡ್ ಪ್ರಶಸ್ತಿಯನ್ನು ಪಡೆದಾಗ ಅಂದು ಆಡಿದ ಮಾತು ನಿಜವಾಗಿತ್ತು. 2024ರ ಡಿಸೆಂಬರ್ 15ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜಾಕಿರ್ ಹುಸೇನ್ 73ನೆಯ ವಯಸ್ಸಿನಲ್ಲಿ ನಿಧನರಾದರು. ಅವರ ನುಡಿಸಾಣಿಕೆ ನೂರಾರು ಧ್ವನಿಮುದ್ರಣಗಳಲ್ಲಿ ಉಳಿದಿದೆ. ಯೌವನದ ಆ ಆರು ಚಳಿಗಾಲಗಳ ನಗೆ, ದಣಿವು, ಗೆಳೆತನಗಳು ಉಳಿದಿರುವುದಕ್ಕೆ ಒಬ್ಬ ವಿದ್ಯಾರ್ಥಿನಿಯ ಹಟ ಕಾರಣ.

ಹಾಗೆಂದು ಛಾಯಾಚಿತ್ರವನ್ನು ಅತಿಯಾಗಿ ನಂಬುವುದೂ ತರವಲ್ಲ. ಚಿತ್ರ ಮೂಕ, ಅದರಿಂದ ತಾಳವನ್ನಾಗಲಿ ಲಯವನ್ನಾಗಲಿ ತಿಳಿಯಲು ಬಾರದು. ಮುಚ್ಚಿದ ಕಣ್ಣನ್ನು ಕಂಡು ತನ್ಮಯತೆಯೆಂದು ನಾವು ಭಾವಿಸಿದುದು ಬರಿಯ ಆಯಾಸವಿರಬಹುದು. ಮನೆಯೊಳಗೆ ಪ್ರವೇಶ ಪಡೆದ ಛಾಯಾಗ್ರಾಹಕರು ಆ ವಿಶ್ವಾಸಕ್ಕೆ ಋಣಿಯಾಗಿ ಕೆಲವು ಚಿತ್ರಗಳನ್ನು ಹೊರತರದೆಯೂ ಇರಬೇಕಾಗುತ್ತದೆ. ಧ್ವನಿಮುದ್ರಣ, ಬರಹ, ಚಿತ್ರ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದಾಗಲೇ ಚರಿತ್ರೆ ತುಸುವಾದರೂ ಪೂರ್ಣವಾಗುತ್ತದೆ.

ಈಗ ನಮ್ಮ ಸೀಮೆಯತ್ತ ಬರೋಣ. ಹಿಂದುಸ್ತಾನಿ ಸಂಗೀತದ ಮಹಾ ಪೀಳಿಗೆಯೊಂದು ಕನ್ನಡ ಮನೆಮಾತಿನದು. ಕುಂದಗೋಳದ ಸವಾಯಿ ಗಂಧರ್ವರು ಮರಾಠಿ ರಂಗಭೂಮಿಯಲ್ಲಿ ಮೆರೆದು, ತಮ್ಮೂರಿನಲ್ಲಿ ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿಯವರಿಗೆ ವಿದ್ಯೆಯನ್ನು ಧಾರೆಯೆರೆದರು. ಗುರುಗಳು 1952ರಲ್ಲಿ ತೀರಿಕೊಂಡ ಬಳಿಕ ಅವರ ಸ್ಮರಣೆಯ ಉತ್ಸವ 1953ರಲ್ಲಿ ಪುಣೆಯಲ್ಲಿ ಆರಂಭವಾಯಿತು. ಬೆಳಗಾವಿ ಸೀಮೆಯ ಸುಳೇಭಾವಿಯ ಕುಮಾರ ಗಂಧರ್ವರು ಮಧ್ಯಪ್ರದೇಶದ ದೇವಾಸದಲ್ಲಿ ನೆಲೆಸಿದರು. ಇವರೆಲ್ಲರ ಕಾಲದಲ್ಲಿ ಗಡಿಯೆಂಬುದು ರಾಗಕ್ಕೆ ಅಡ್ಡ ಬರಲಿಲ್ಲ. ಹೋಟಗಿಯಿಂದ ವಿಜಯಪುರದ ಮೇಲೆ ಗದಗಕ್ಕೆ ಸಾಗುವ ರೈಲು ಮಾರ್ಗ ಸೊಲ್ಲಾಪುರವನ್ನು ಪಂಚಾಕ್ಷರಿ ಗವಾಯಿಗಳ ವೀರೇಶ್ವರ ಪುಣ್ಯಾಶ್ರಮದ ಊರಿಗೆ ಜೋಡಿಸಿತ್ತು. ಮಿರಜಿನಲ್ಲಿ ತಯಾರಾದ ತಂಬೂರಿಗಳು ಗಡಿಯ ಎರಡೂ ಕಡೆ ಶ್ರುತಿ ಹಿಡಿದವು.

ಈ ಮಹನೀಯರ ಕಂಠಗಳನ್ನು ಆಕಾಶವಾಣಿಯೂ ಧ್ವನಿಮುದ್ರಣ ಸಂಸ್ಥೆಗಳೂ ಕಾಪಾಡಿವೆ. ಆದರೆ ನಮ್ಮ ಹಳ್ಳಿಗಳ ನಾಟಕ ಕಂಪನಿಗಳಲ್ಲಿ ಕಾಲುಪೆಟ್ಟಿಗೆ ನುಡಿಸಿದ ಮಾಸ್ತರರು, ಶ್ರಾವಣದ ಭಜನೆಗಳಲ್ಲಿ ಬೆಳಗಿನವರೆಗೆ ತಬಲಾ ಬಾರಿಸಿದವರು, ದೊಡ್ಡವರು ಊರಿಗೆ ಬಂದಾಗ ತಂಬೂರಿ ಹಿಡಿದು ಹಿಂದೆ ಕುಳಿತವರು, ಇವರನ್ನು ಕಾಪಾಡಿದವರಾರು? ಅವರ ಚಿತ್ರಗಳು ಇರುವುದಾದರೆ ನಮ್ಮ ಮನೆಗಳಲ್ಲಿಯೇ ಇರಬೇಕು. ಮದುವೆಯ ಆಲ್ಬಮ್ಮಿನ ಕೊನೆಯ ಪುಟದಲ್ಲಿ, ಮಠದ ಜಾತ್ರೆಯ ಗುಂಪುಚಿತ್ರದ ಅಂಚಿನಲ್ಲಿ, ಕಟ್ಟು ಹಾಕಿಸಿದ ಗಾಜಿನ ಹಿಂದೆ. ಚಿತ್ರವಿರುತ್ತದೆ; ಅದರಲ್ಲಿರುವವರು ಯಾರೆಂದು ಬಲ್ಲ ಹಿರಿಯರು ಮಾತ್ರ ವರ್ಷಕ್ಕೊಬ್ಬರಂತೆ ಇಲ್ಲವಾಗುತ್ತಿದ್ದಾರೆ. ಹೆಸರು ತಿಳಿಯದ ಚಿತ್ರ ಒಂದೆರಡು ಪೀಳಿಗೆಗಳಲ್ಲಿ ರದ್ದಿಯ ಪಾಲಾಗುತ್ತದೆ.

ಇದಕ್ಕೆ ಬೇಕಾದುದು ದೊಡ್ಡ ಹಣವಲ್ಲ. ಹಳೆಯ ಚಿತ್ರದ ಹಿಂಬದಿಯಲ್ಲಿ ಮೃದುವಾದ ಪೆನ್ಸಿಲಿನಿಂದ ಹೆಸರು, ಊರು, ವರ್ಷ, ಸಂದರ್ಭಗಳನ್ನು ಬರೆಯಬೇಕು. ಬಾಲ್‌ಪೆನ್ನು ಒತ್ತಿದರೆ ಮುಂಬದಿಯಲ್ಲಿ ಗೀರು ಮೂಡುತ್ತದೆ. ಅಂಟು ಪುಟಗಳ ಆಲ್ಬಮ್ಮಿನಿಂದ ಬಿಡಿಸಲು ಬರುವಂಥವನ್ನು ಎಚ್ಚರಿಕೆಯಿಂದ ಬಿಡಿಸಿ ಕಾಗದದ ಲಕೋಟೆಗಳಲ್ಲಿ, ತೇವವಿಲ್ಲದ ತಂಪು ಜಾಗದಲ್ಲಿ ಇಡಬೇಕು. ಹಿರಿಯರ ಮುಂದೆ ಚಿತ್ರವನ್ನಿಟ್ಟು ಅವರು ಹೇಳುವುದನ್ನು ಧ್ವನಿಮುದ್ರಿಸಬೇಕು. ಇಂದು ಪ್ರತಿಯೊಬ್ಬ ವಿದ್ಯಾರ್ಥಿಯ ಜೇಬಿನಲ್ಲಿಯೂ ಕ್ಯಾಮೆರಾ ಇದೆ. ಸುರುಳಿಯ ಖರ್ಚಿಲ್ಲ, ಕತ್ತಲ ಕೋಣೆಯ ಕಾಯುವಿಕೆಯಿಲ್ಲ. ಇಲ್ಲದಿರುವುದು ಆರು ಚಳಿಗಾಲಗಳ ತಾಳ್ಮೆ. ಅನುಮತಿ ಕೇಳಿ ಒಳಗೆ ಹೋಗುವ, ಕಚೇರಿ ಮುಗಿದ ಮೇಲೂ ಉಳಿಯುವ, ಮರುವರ್ಷ ಮತ್ತೆ ಬರುವ ತರುಣ ತರುಣಿಯರು ನಮ್ಮ ಶಾಲೆ ಕಾಲೇಜುಗಳಿಂದ ಮುಂದೆ ಬಂದರೆ ಸಂಘ ಅವರ ಬೆನ್ನಿಗೆ ನಿಲ್ಲಬೇಕು.

ನಮ್ಮ ಆಮಂತ್ರಣ ಪತ್ರಿಕೆಗಳಿಂದಲೇ ಈ ಕೆಲಸವನ್ನು ಆರಂಭಿಸಬಹುದು. ಮುಂದಿನ ಸಮ್ಮೇಳನದ ಸಂಗೀತ ಗೋಷ್ಠಿಯ ಪ್ರಕಟಣೆಯಲ್ಲಿ ಗಾಯಕರ ಹೆಸರಿನೊಡನೆ ತಬಲಾ, ಹಾರ್ಮೋನಿಯಂ, ತಂಬೂರಿಗಳಲ್ಲಿ ಕುಳಿತವರ ಹೆಸರುಗಳೂ ಅವರವರ ಊರಿನ ಸಹಿತ ಅಚ್ಚಾಗಲಿ.