ಕಾರಿನ ನಿರ್ವಹಣೆ

ಕಾರಿನ ನಿರ್ವಹಣೆ: ಸ್ವಂತ ಬಳಕೆಯ ಕಾರು ಸುರಕ್ಷಿತವಾಗಿ, ಕಡಮೆ ಖರ್ಚಿನಲ್ಲಿ, ಬಹುಕಾಲ ಓಡುವಂತೆ ಆಗಾಗ ಮಾಡುವ ತಪಾಸಣೆ, ಶುಚಿ, ಎಣ್ಣೆ ಮತ್ತು ಇತರ ದ್ರವಗಳ ಬದಲಾವಣೆ, ಸವೆದ ಭಾಗಗಳ ಬದಲಾವಣೆ. ಈ ದೃಷ್ಟಿಯಿಂದ ಕಾರಿನ ಭಾಗಗಳನ್ನು ಎರಡು ಗುಂಪು ಮಾಡಬಹುದು. ಎಂಜಿನ್ ಆಯಿಲ್, ಫಿಲ್ಟರು, ಕೂಲೆಂಟ್, ಬ್ರೇಕ್ ಪ್ಯಾಡು, ಬೆಲ್ಟು, ಟೈರು, ವೈಪರ್ ಬ್ಲೇಡು ಮೊದಲಾದವು ಸವೆದು ಮುಗಿಯಲೆಂದೇ ಮಾಡಿದವು. ಎಂಜಿನ್, ಗೇರ್‌ಬಾಕ್ಸ್, ಸ್ಟಿಯರಿಂಗ್, ಚಾಸಿ ಮೊದಲಾದವು ವಾಹನದ ಆಯುಸ್ಸಿನುದ್ದಕ್ಕೂ ಉಳಿಯಬೇಕಾದವು. ಮೊದಲ ಗುಂಪಿನವಕ್ಕೆ ತಗಲುವ ಖರ್ಚು ಎರಡನೆಯದರ ರಿಪೇರಿಗೆ ಹೋಲಿಸಿದರೆ ಬಲು ಕಡಮೆ. ಅಗ್ಗದ್ದನ್ನು ಹೊತ್ತಿಗೆ ಸರಿಯಾಗಿ ಬದಲಿಸಿ ದುಬಾರಿಯದನ್ನು ಉಳಿಸಿಕೊಳ್ಳುವುದೇ ನಿರ್ವಹಣೆಯ ತಿರುಳು.

ಹಿನ್ನೆಲೆ

ಕಾರಿನಷ್ಟೇ ಹಳೆಯದು ಅದರ ರಿಪೇರಿ. 1888ರ ಆಗಸ್ಟ್‌ನಲ್ಲಿ ಜರ್ಮನಿಯ ಬರ್ಟಾ ಬೆಂಜ್ ತನ್ನ ಗಂಡ ಕಾರ್ಲ್ ಬೆಂಜ್ ರೂಪಿಸಿದ ಮೂರು ಚಕ್ರದ ಕಾರಿನಲ್ಲಿ ಇಬ್ಬರು ಗಂಡುಮಕ್ಕಳೊಂದಿಗೆ ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ಹೋದಳು. ಸುಮಾರು 100 ಕಿ.ಮೀ.ಗಳ ಆ ಪಯಣದಲ್ಲಿ ಇಂಧನದ ಕೊಳವೆ ಕಟ್ಟಿಕೊಂಡಾಗ ಟೊಪ್ಪಿಗೆಯ ಪಿನ್ನಿನಿಂದ ಅದನ್ನು ಬಿಡಿಸಿದಳು. ಮರದ ಬ್ರೇಕ್ ತುಂಡುಗಳು ಸವೆದಾಗ ದಾರಿಯಲ್ಲಿ ಸಿಕ್ಕ ಚಮ್ಮಾರನಿಂದ ತೊಗಲು ಹೊಡೆಸಿದಳು. ಬ್ರೇಕಿಗೆ ಬದಲಿಸಬಹುದಾದ ಲೈನಿಂಗ್ ಎಂಬ ಕಲ್ಪನೆ ಬಂದದ್ದು ಅಲ್ಲಿಂದ ಎನ್ನುತ್ತಾರೆ.

ಭಾರತದಲ್ಲಿ ಅಂಬಾಸಡರ್, ಪ್ರೀಮಿಯರ್ ಪದ್ಮಿನಿ ಕಾರುಗಳ ಕಾಲದಲ್ಲಿ ಕಾರ್ಬ್ಯುರೇಟರ್ ಬಿಚ್ಚಿ ತೊಳೆಯುವುದು, ಇಗ್ನಿಷನ್ ಪಾಯಿಂಟ್ ಉಜ್ಜುವುದು, ಗ್ರೀಸ್ ಹೊಡೆಯುವುದು ಮಾಲೀಕನಿಗೋ ಚಾಲಕನಿಗೋ ಗೊತ್ತಿರಲೇಬೇಕಾದ ಕೆಲಸಗಳಾಗಿದ್ದವು. 1983ರ ಡಿಸೆಂಬರ್‌ನಲ್ಲಿ ಬಂದ ಮಾರುತಿ 800 ಮತ್ತು ಅನಂತರದ ಫ್ಯುಯೆಲ್ ಇಂಜೆಕ್ಷನ್ ಕಾರುಗಳು ಆ ಕೆಲಸಗಳನ್ನು ಒಂದೊಂದಾಗಿ ಇಲ್ಲವಾಗಿಸಿದವು. ಈಗಿನ ಕಾರಿನಲ್ಲಿ ಮಾಲೀಕ ಬಿಚ್ಚಿ ಜೋಡಿಸಬೇಕಾದದ್ದು ಅಲ್ಪ. ನೋಡಿ ಗುರುತಿಸಬೇಕಾದದ್ದು ಮಾತ್ರ ಹಾಗೆಯೇ ಉಳಿದಿದೆ.

ಸರ್ವಿಸ್ ಅವಧಿ

ಪ್ರತಿ ಕಾರಿನ ಜೊತೆಗೂ ತಯಾರಕರು ಒಂದು ಕೈಪಿಡಿ ಕೊಡುತ್ತಾರೆ. ಯಾವ ಭಾಗವನ್ನು ಎಷ್ಟು ಕಿ.ಮೀ.ಗೆ ಅಥವಾ ಎಷ್ಟು ತಿಂಗಳಿಗೆ ನೋಡಬೇಕು, ಬದಲಿಸಬೇಕು ಎಂಬ ಪಟ್ಟಿ ಅದರಲ್ಲಿರುತ್ತದೆ. ಭಾರತದ ಬಹುಪಾಲು ಸಣ್ಣ ಕಾರುಗಳಿಗೆ 10,000 ಕಿ.ಮೀ. ಅಥವಾ ಒಂದು ವರ್ಷ, ಇವೆರಡರಲ್ಲಿ ಯಾವುದು ಮೊದಲು ಬರುತ್ತದೋ ಅದು ಸರ್ವಿಸ್ ಅವಧಿ. ಕಾರು ಹೆಚ್ಚು ಓಡಿಲ್ಲವೆಂದು ವರ್ಷ ಕಳೆದರೂ ಸರ್ವಿಸ್ ಮಾಡಿಸದೆ ಬಿಡುವುದುಂಟು. ಆದರೆ ನಿಂತ ಕಾರಿನಲ್ಲೂ ಆಯಿಲ್ ಕೆಡುತ್ತದೆ, ಬ್ರೇಕ್ ದ್ರವ ತೇವ ಹೀರುತ್ತದೆ, ರಬ್ಬರು ಗಟ್ಟಿಯಾಗುತ್ತದೆ. ನಗರದ ಟ್ರಾಫಿಕ್‌ನಲ್ಲಿ ನಿಂತು ನಿಂತು ಓಡುವುದು, ಎಂಜಿನ್ ಸರಿಯಾಗಿ ಬಿಸಿಯಾಗುವ ಮೊದಲೇ ಮುಗಿಯುವ ಓಡಾಟ, ದೂಳಿನ ರಸ್ತೆ ಇವನ್ನೆಲ್ಲ ಕೈಪಿಡಿಗಳು ಕಠಿಣ ಬಳಕೆ ಎಂದು ಎಣಿಸಿ ಅವಧಿಯನ್ನು ಇನ್ನಷ್ಟು ತಗ್ಗಿಸುತ್ತವೆ.

ಎಂಜಿನ್ ಆಯಿಲ್

ಉಜ್ಜಾಡುವ ಲೋಹಗಳ ನಡುವೆ ತೆಳುಪದರವಾಗಿ ನಿಲ್ಲುವುದು, ಪಿಸ್ಟನ್ನಿನ ಶಾಖವನ್ನು ಒಯ್ಯುವುದು, ಮಸಿ ಮತ್ತು ಲೋಹದ ಪುಡಿಯನ್ನು ಫಿಲ್ಟರಿಗೆ ಸೇರಿಸುವುದು ಎಂಜಿನ್ ಆಯಿಲ್‌ನ ಕೆಲಸಗಳು. ಡಬ್ಬಿಯ ಮೇಲಿನ 5ಡಬ್ಲ್ಯು-30 ಎಂಬಂಥ ಗುರುತು ಅಮೆರಿಕದ ಎಸ್‌ಎಇ ಸಂಸ್ಥೆಯ ಸ್ನಿಗ್ಧತೆಯ ಅಳತೆ. ಮೊದಲ ಅಂಕಿ ಚಿಕ್ಕದಾದಷ್ಟೂ ತಣ್ಣನೆಯ ಎಂಜಿನ್ನಿನಲ್ಲಿ ಆಯಿಲ್ ಬೇಗ ಹರಿಯುತ್ತದೆ. ಎರಡನೆಯದು 100° ಸೆಲ್ಸಿಯಸ್‌ನಲ್ಲಿ ಅದು ಎಷ್ಟು ದಪ್ಪಗಿರುತ್ತದೆಂಬುದನ್ನು ಹೇಳುತ್ತದೆ. ದಪ್ಪ ಆಯಿಲ್ ಹಾಕಿದರೆ ಎಂಜಿನ್ ಹೆಚ್ಚು ಬಾಳುತ್ತದೆಂಬ ನಂಬಿಕೆ ಹಳೆಯ ಎಂಜಿನ್ನುಗಳ ಕಾಲದ್ದು. ಕಿರಿದಾದ ನಾಳಗಳಿರುವ ಈಗಿನ ಎಂಜಿನ್ನುಗಳಿಗೆ ಕೈಪಿಡಿ ಹೇಳಿದ ಗ್ರೇಡೇ ಸರಿ.

ಆಯಿಲ್ ಮಟ್ಟ ನೋಡಲು ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಆಯಿಲ್ ಕೆಳಗಿಳಿಯಲು ಕೆಲವು ನಿಮಿಷ ಬಿಡಬೇಕು. ಡಿಪ್‌ಸ್ಟಿಕ್ ಎಳೆದು, ಬಟ್ಟೆಯಿಂದ ಒರೆಸಿ, ಪೂರ್ತಿ ಒಳಕ್ಕೆ ತಳ್ಳಿ ಮತ್ತೆ ಎಳೆದರೆ ತುದಿಯ ಎರಡು ಗುರುತುಗಳ ನಡುವೆ ಆಯಿಲ್ ಅಂಟಿರಬೇಕು. ಅನೇಕ ಸಣ್ಣ ಕಾರುಗಳಲ್ಲಿ ಕೆಳಗಿನ ಗುರುತಿನಿಂದ ಮೇಲಿನದಕ್ಕೆ ತರಲು ಸುಮಾರು ಒಂದು ಲೀಟರು ಬೇಕಾಗುತ್ತದೆ. ಮೇಲಿನ ಗುರುತನ್ನು ಮೀರಿ ತುಂಬುವುದೂ ತಪ್ಪೇ; ಕ್ರ್ಯಾಂಕ್‌ಶಾಫ್ಟ್ ಕಡೆದು ಆಯಿಲ್ ನೊರೆಯಾಗುತ್ತದೆ. ಡೀಸೆಲ್ ಕಾರಿನಲ್ಲಿ ಹೊಸ ಆಯಿಲ್ ಸ್ವಲ್ಪ ದಿನಕ್ಕೇ ಕಪ್ಪಾಗುವುದು ಸಹಜ. ಹಾಲು ಬೆರೆಸಿದ ಕಾಫಿಯ ಬಣ್ಣ ಬಂದರೆ ಮಾತ್ರ ಆಯಿಲ್‌ಗೆ ನೀರು ಸೇರಿದೆಯೆಂದು ತಿಳಿಯಬೇಕು. ಹೆಡ್ ಗ್ಯಾಸ್ಕೆಟ್ ಹೋಗಿರುವುದು ಅದರ ಸಾಮಾನ್ಯ ಕಾರಣಗಳಲ್ಲಿ ಒಂದು. ಓಡುವಾಗ ಆಯಿಲ್ ಒತ್ತಡದ ಕೆಂಪು ದೀಪ ಹತ್ತಿಕೊಂಡರೆ ಕೂಡಲೇ ಬದಿಗೆ ನಿಲ್ಲಿಸಿ ಎಂಜಿನ್ ಆರಿಸಬೇಕು, ಇಲ್ಲವಾದರೆ ಎಂಜಿನ್ ಸೀಜ್ ಆಗುತ್ತದೆ.

ಕೂಲೆಂಟ್

ರೇಡಿಯೇಟರಿನಲ್ಲಿ ಹರಿಯುವ ಕೂಲೆಂಟ್ ಸಾಮಾನ್ಯವಾಗಿ ಎಥಿಲೀನ್ ಗ್ಲೈಕಾಲ್ ಮತ್ತು ಶುದ್ಧ ನೀರಿನ ಮಿಶ್ರಣ. ಅರ್ಧಕ್ಕರ್ಧ ಬೆರೆಸಿದರೆ ಅದು ಸುಮಾರು -37° ಸೆಲ್ಸಿಯಸ್‌ವರೆಗೂ ಹೆಪ್ಪುಗಟ್ಟುವುದಿಲ್ಲ. ಕರ್ನಾಟಕದಲ್ಲಿ ಹೆಪ್ಪುಗಟ್ಟುವ ಚಳಿಯಿಲ್ಲದಿದ್ದರೂ ಕೂಲೆಂಟ್ ಬೇಕೇ ಬೇಕು. ಅದು ನೀರಿಗಿಂತ ಹೆಚ್ಚಿನ ಉಷ್ಣತೆಯಲ್ಲಿ ಕುದಿಯುತ್ತದೆ. ಅದರಲ್ಲಿ ಬೆರೆಸಿದ ರಾಸಾಯನಿಕಗಳು ಅಲ್ಯೂಮಿನಿಯಂ ತುಕ್ಕು ತಿನ್ನದಂತೆ ಕಾಯುತ್ತವೆ. ಬೋರ್‌ವೆಲ್ಲಿನ ಗಡಸು ನೀರು ತುಂಬಿಸುತ್ತ ಹೋದರೆ ರೇಡಿಯೇಟರಿನ ಸಣ್ಣ ನಾಳಗಳಲ್ಲಿ ಸುಣ್ಣ ಕಟ್ಟಿ ಎಂಜಿನ್ ಕಾಯತೊಡಗುತ್ತದೆ. ಉಷ್ಣತೆಯ ಮುಳ್ಳು ಕೆಂಪಿಗೇರಿದರೆ ನಿಲ್ಲಿಸಿ ಆರಲು ಬಿಡಬೇಕು. ಒಳಗಿನ ದ್ರವ ಒತ್ತಡದಲ್ಲಿರುವುದರಿಂದ ಬಿಸಿಯಿರುವಾಗ ಮುಚ್ಚಳ ತೆಗೆದರೆ ಚಿಮ್ಮಿ ಮುಖ, ಕೈ ಬೇಯುತ್ತದೆ. ಎಥಿಲೀನ್ ಗ್ಲೈಕಾಲ್ ಸಿಹಿಯಾದ ವಿಷ. ಮಕ್ಕಳಿಗೆ, ನಾಯಿಗಳಿಗೆ ಸಿಗದಂತೆ ಇಡಬೇಕು.

ಫಿಲ್ಟರು ಮತ್ತು ಇಂಧನ

ಏರ್ ಫಿಲ್ಟರ್ ಎಂಜಿನ್ನಿಗೆ ಹೋಗುವ ಗಾಳಿಯ ದೂಳನ್ನು ತಡೆದರೆ, ಕ್ಯಾಬಿನ್ ಫಿಲ್ಟರ್ ಎ.ಸಿ.ಯ ಗಾಳಿಯನ್ನು ಸೋಸುತ್ತದೆ. ಎರಡನೆಯದು ಹಲವು ಕಾರುಗಳಲ್ಲಿ ಡ್ಯಾಶ್‌ಬೋರ್ಡಿನ ಗ್ಲೋವ್ ಬಾಕ್ಸ್ ಹಿಂದೆ ಇರುತ್ತದೆ, ಮಾಲೀಕರೇ ಬದಲಿಸಬಹುದು. ಎ.ಸಿ.ಯ ಗಾಳಿ ಕುಗ್ಗಿದಾಗ, ಮುಗ್ಗಲು ವಾಸನೆ ಬಂದಾಗ ಗ್ಯಾಸ್ ತುಂಬಿಸುವ ಮೊದಲು ಇದನ್ನು ನೋಡುವುದು ಜಾಣತನ.

2020ರ ಏಪ್ರಿಲ್ 1ರಿಂದ ಜಾರಿಯಾದ ಬಿಎಸ್-6 ಮಾನಕದ ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿಯನ್ನು ಹಿಡಿದಿಡುವ ಡಿಪಿಎಫ್ ಎಂಬ ಶೋಧಕವಿದೆ. ಅದರಲ್ಲಿ ಕಟ್ಟಿಕೊಂಡ ಮಸಿ ಆಗಾಗ ಸುಮಾರು 600° ಸೆಲ್ಸಿಯಸ್ ಶಾಖದಲ್ಲಿ ಉರಿದುಹೋಗಬೇಕು. ಅದಕ್ಕೆ ಹೆದ್ದಾರಿಯಲ್ಲಿ ಬಿಡುವಿಲ್ಲದೆ ಸ್ವಲ್ಪ ಹೊತ್ತು ಓಡುವುದು ಅಗತ್ಯ. ದಿನವೂ ಎರಡು ಮೂರು ಕಿ.ಮೀ. ಮಾತ್ರ ಓಡುವ ಡೀಸೆಲ್ ಕಾರಿನಲ್ಲಿ ಡಿಪಿಎಫ್ ಕಟ್ಟಿಕೊಳ್ಳುವುದು ಇದರಿಂದಲೇ. ಶೇ. 20 ಎಥನಾಲ್ ಬೆರೆತ ಇ20 ಪೆಟ್ರೋಲು 2023ರ ಫೆಬ್ರವರಿಯಲ್ಲಿ ಬೆಂಗಳೂರಿನ ಸಮಾರಂಭವೊಂದರಲ್ಲಿ ಬಿಡುಗಡೆಯಾಯಿತು. ಎಥನಾಲ್ ಕೆಲವು ಬಗೆಯ ರಬ್ಬರನ್ನು ಕೆಡಿಸುವುದರಿಂದ ಹಳೆಯ ಕಾರುಗಳಲ್ಲಿ ಇಂಧನದ ರಬ್ಬರ್ ಕೊಳವೆ ಮತ್ತು ಸೀಲುಗಳನ್ನು ಸರ್ವಿಸ್ ವೇಳೆ ನೋಡಿಸುವುದು ಒಳ್ಳೆಯದು.

ಬ್ರೇಕ್

ಡಿಸ್ಕ್ ಬ್ರೇಕಿನ ಪ್ಯಾಡು 2-3 ಮಿ.ಮೀ.ಗೆ ಸವೆದಾಗ ಬದಲಿಸಬೇಕು. ಕೆಲವು ಪ್ಯಾಡುಗಳಲ್ಲಿರುವ ಲೋಹದ ನಾಲಗೆ ಆ ಹಂತದಲ್ಲಿ ಡಿಸ್ಕಿಗೆ ತಾಗಿ ಕಿರುಗುಟ್ಟುತ್ತದೆ. ಶಬ್ದವನ್ನು ಕೇಳಿಯೂ ಓಡಿಸಿದರೆ ಪ್ಯಾಡಿನ ಉಕ್ಕಿನ ತಗಡು ಡಿಸ್ಕನ್ನೇ ಗೀರಿ, ಎರಡನ್ನೂ ಕೊಳ್ಳಬೇಕಾಗುತ್ತದೆ.

ಬ್ರೇಕ್ ದ್ರವ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 4 ದರ್ಜೆಯ ಹೊಸ ದ್ರವದ ಕುದಿಬಿಂದು ಕನಿಷ್ಠ 230° ಸೆಲ್ಸಿಯಸ್, ಶೇ. 3.7ರಷ್ಟು ನೀರು ಸೇರಿದಾಗ ಕನಿಷ್ಠ ಮಿತಿ 155°ಗೆ ಇಳಿಯುತ್ತದೆ. ಆಗುಂಬೆ, ಚಾರ್ಮಾಡಿ, ಶಿರಾಡಿಯಂಥ ಘಟ್ಟ ಇಳಿಯುವಾಗ ಬ್ರೇಕ್ ಒತ್ತಿಯೇ ಬಂದರೆ ಶಾಖಕ್ಕೆ ಹಳೆಯ ದ್ರವ ಕುದಿದು ಆವಿಯ ಗುಳ್ಳೆಗಳಾಗುತ್ತವೆ, ಪೆಡಲು ಮೆತ್ತಗಾಗಿ ಒಳಕ್ಕೆ ಹೋಗುತ್ತದೆ. ಆದ್ದರಿಂದ ಎರಡು ವರ್ಷಕ್ಕೊಮ್ಮೆ ದ್ರವ ಬದಲಿಸುವುದು ರೂಢಿ. ಯಾವ ಗೇರಿನಲ್ಲಿ ಹತ್ತುತ್ತೇವೋ ಅದೇ ಗೇರಿನಲ್ಲಿ ಇಳಿಯಬೇಕೆಂಬುದು ಘಟ್ಟದ ಚಾಲಕರ ಲೆಕ್ಕ. ಪೆಟ್ರೋಲ್ ಉಳಿಸಲೆಂದು ನ್ಯೂಟ್ರಲ್‌ನಲ್ಲಿ ಇಳಿಸುವುದು ಅಪಾಯಕಾರಿ, ಲಾಭವೂ ಇಲ್ಲ. ಇಂಜೆಕ್ಷನ್ ಕಾರು ಗೇರಿನಲ್ಲಿ ಇಳಿಯುವಾಗ ಆಕ್ಸಿಲರೇಟರ್ ಬಿಟ್ಟರೆ ಇಂಧನ ನಿಂತೇಹೋಗುತ್ತದೆ. ನ್ಯೂಟ್ರಲ್‌ನಲ್ಲಾದರೆ ಎಂಜಿನ್ ತಿರುಗಲು ಪೆಟ್ರೋಲ್ ಉರಿಯುತ್ತಲೇ ಇರುತ್ತದೆ.

ಟೈರು

ಟೈರಿನ ಪಕ್ಕದ ಗೋಡೆಯ ಮೇಲೆ ಅದರ ಜಾತಕವೆಲ್ಲ ಅಚ್ಚಾಗಿರುತ್ತದೆ. 185/65 ಆರ್15 88ಹೆಚ್ ಎಂದಿದ್ದರೆ ಅಗಲ 185 ಮಿ.ಮೀ., ಗೋಡೆಯ ಎತ್ತರ ಅದರ ಶೇ. 65 (ಸುಮಾರು 120 ಮಿ.ಮೀ.), ರೇಡಿಯಲ್ ರಚನೆ, ರಿಮ್ಮಿನ ವ್ಯಾಸ 15 ಇಂಚು ಎಂದರ್ಥ. 88 ಎಂಬುದು ಟೈರೊಂದು ಹೊರಬಲ್ಲ 560 ಕೆ.ಜಿ. ಭಾರವನ್ನೂ ಹೆಚ್ ಎಂಬುದು ಗಂಟೆಗೆ 210 ಕಿ.ಮೀ. ವೇಗದ ಮಿತಿಯನ್ನೂ ಸೂಚಿಸುತ್ತವೆ. ತಯಾರಿಯ ದಿನಾಂಕ ನಾಲ್ಕು ಅಂಕಿಗಳಲ್ಲಿರುತ್ತದೆ: 3221 ಎಂದರೆ 2021ನೆಯ ವರ್ಷದ 32ನೆಯ ವಾರ. ಹೊಸ ಟೈರು ಕೊಳ್ಳುವಾಗ ಇದನ್ನು ಓದಿ ನೋಡಿದರೆ ಅಂಗಡಿಯಲ್ಲಿ ವರ್ಷಗಟ್ಟಲೆ ಕೂತ ಸರಕು ಗೊತ್ತಾಗುತ್ತದೆ.

ಗಾಳಿಯ ಒತ್ತಡ ಎಷ್ಟಿರಬೇಕೆಂಬುದು ಸಾಮಾನ್ಯವಾಗಿ ಚಾಲಕನ ಬಾಗಿಲ ಚೌಕಟ್ಟಿನ ಚೀಟಿಯಲ್ಲಿರುತ್ತದೆ. ಸಣ್ಣ ಕಾರುಗಳಿಗೆ ಬಹುಮಟ್ಟಿಗೆ 30ರಿಂದ 35 ಪಿಎಸ್‌ಐ. ಓಡಿ ಬಿಸಿಯಾದ ಟೈರಿನಲ್ಲಿ ಒತ್ತಡ ಏರುವುದರಿಂದ ತಣ್ಣಗಿರುವಾಗಲೇ ನೋಡಿಸಬೇಕು, ಸ್ಟೆಪ್ನಿಗೂ ಗಾಳಿ ಹಾಕಿಸಬೇಕು. ಗಾಳಿ ಕಡಮೆಯಿದ್ದರೆ ಟೈರಿನ ಎರಡು ಅಂಚುಗಳು, ಹೆಚ್ಚಿದ್ದರೆ ನಡುಭಾಗ ಸವೆಯುತ್ತದೆ. ಒಂದೇ ಅಂಚು ಸವೆದಿದ್ದರೆ ವೀಲ್ ಅಲೈನ್‌ಮೆಂಟ್ ತಪ್ಪಿರಬಹುದು. ನಿರ್ದಿಷ್ಟ ವೇಗದಲ್ಲಿ ಸ್ಟಿಯರಿಂಗ್ ನಡುಗಿದರೆ ಬ್ಯಾಲೆನ್ಸಿಂಗ್ ಮಾಡಿಸಬೇಕು. ಟೈರಿನ ಗೀರುಗಳ ತಳದಲ್ಲಿ ಅಲ್ಲಲ್ಲಿ ಸಣ್ಣ ರಬ್ಬರ್ ಉಬ್ಬುಗಳಿವೆ. ಮೇಲ್ಮೈ ಸವೆದು ಆ ಉಬ್ಬಿನ ಮಟ್ಟಕ್ಕೆ ಬಂದರೆ ಉಳಿದ ಆಳ 1.6 ಮಿ.ಮೀ. ಎಂದರ್ಥ. ಭಾರತದ ನಿಯಮಗಳು ಕಾರುಗಳಿಗೆ ಒಪ್ಪುವ ಕನಿಷ್ಠ ಆಳವೂ ಅಷ್ಟೇ. ಅದಕ್ಕಿಂತ ನುಣುಪಾದ ಟೈರು ಮಳೆಯಲ್ಲಿ ನೀರನ್ನು ಹೊರಹಾಕಲಾರದೆ ರಸ್ತೆ ಬಿಟ್ಟು ತೇಲುತ್ತದೆ.

ಬ್ಯಾಟರಿ

ಕಾರಿನ 12 ವೋಲ್ಟ್ ಸೀಸದ ಬ್ಯಾಟರಿಯ ಮೂಲ 1859ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಕಂಡುಹಿಡಿದ ಕೋಶ. ಅಂಥ ಆರು ಕೋಶಗಳು ಸೇರಿ ಪೂರ್ತಿ ಚಾರ್ಜ್ ಆದಾಗ ಸುಮಾರು 12.6 ವೋಲ್ಟ್ ಕೊಡುತ್ತವೆ, 12.2ಕ್ಕೆ ಇಳಿದರೆ ಅರ್ಧ ಖಾಲಿಯಾದಂತೆ. ಎಂಜಿನ್ ಓಡುವಾಗ ಅಳೆದರೆ 14ರ ಆಸುಪಾಸು ಇರಬೇಕು. ಇಲ್ಲದಿದ್ದರೆ ದೋಷ ಆಲ್ಟರ್ನೇಟರಿನಲ್ಲಿರುವ ಸಂಭವ ಹೆಚ್ಚು. ಟರ್ಮಿನಲ್ ಮೇಲೆ ಕಟ್ಟುವ ಬಿಳಿ-ಹಸಿರು ಪುಡಿಯನ್ನು ಬಿಸಿನೀರು, ಅಡುಗೆ ಸೋಡದಿಂದ ತೊಳೆದು ವ್ಯಾಸಲಿನ್ ಸವರುವುದು ವಾಡಿಕೆ. ಬಿಚ್ಚುವಾಗ ಮೈನಸ್ ಮೊದಲು, ಕೂಡಿಸುವಾಗ ಮೈನಸ್ ಕೊನೆಗೆ.

ಬೇರೆ ಕಾರಿನ ನೆರವಿನಿಂದ ಸ್ಟಾರ್ಟ್ ಮಾಡುವಾಗ ಕೆಂಪು ಕೇಬಲ್ಲನ್ನು ಸತ್ತ ಬ್ಯಾಟರಿಯ ಪ್ಲಸ್‌ಗೂ ಅನಂತರ ಒಳ್ಳೆಯದರ ಪ್ಲಸ್‌ಗೂ ಹಾಕಿ, ಕಪ್ಪನ್ನು ಒಳ್ಳೆಯದರ ಮೈನಸ್‌ಗೂ ಕೊನೆಗೆ ಕೆಟ್ಟ ಕಾರಿನ ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೂ ಸಿಕ್ಕಿಸಬೇಕು. ಕೊನೆಯ ಜೋಡಣೆಯಲ್ಲಿ ಕಿಡಿ ಹಾರುವುದುಂಟು. ಬ್ಯಾಟರಿಯಿಂದ ಹೊಮ್ಮುವ ಜಲಜನಕದಿಂದ ಅದನ್ನು ದೂರವಿಡಲು ಈ ಕ್ರಮ.

ಮಳೆಗಾಲ ಮತ್ತು ಕರಾವಳಿ

ಮುಂಗಾರಿಗೆ ಮೊದಲು ವೈಪರ್ ಬ್ಲೇಡು, ದೀಪ, ಬಾಗಿಲ ರಬ್ಬರು, ಟೈರು ನೋಡಿಸುವುದು ಮಲೆನಾಡು, ಕರಾವಳಿಗಳಲ್ಲಿ ಅಗತ್ಯ. ಮುಂಗಾಜಿನ ಬುಡದಲ್ಲಿ ಸೇರುವ ತರಗೆಲೆ ನೀರಿನ ದಾರಿ ಕಟ್ಟಿ ಕಾರಿನೊಳಗೆ ತೇವ ತರುತ್ತದೆ. ಕಡಲ ಗಾಳಿಯ ಉಪ್ಪು ಮತ್ತು ಕೆಸರು ಸೇರಿ ತಳದ ತಗಡನ್ನು ತಿನ್ನುವುದರಿಂದ ಅಡಿಭಾಗ ತೊಳೆಸಿ ತುಕ್ಕುನಿರೋಧಕ ಲೇಪ ಹಾಕಿಸುತ್ತಾರೆ. ನಿಂತ ಕಾರಿನ ಬಾನೆಟ್ಟಿನೊಳಗೆ ಬೆಚ್ಚಗೆ ಸೇರಿಕೊಳ್ಳುವ ಇಲಿ, ಹೆಗ್ಗಣಗಳು ವೈರು ಕಡಿಯುವುದು ಇನ್ನೊಂದು ಕಾಟ.

ನೆರೆನೀರಿನಲ್ಲಿ ಎಂಜಿನ್ ನಿಂತರೆ ಮತ್ತೆ ಸ್ಟಾರ್ಟ್ ಮಾಡಬಾರದು. ಗಾಳಿಯ ದಾರಿಯಿಂದ ಸಿಲಿಂಡರಿಗೆ ನುಗ್ಗಿದ ನೀರು ಗಾಳಿಯಂತೆ ಅಮುಕಿಕೊಳ್ಳದು. ಮೇಲೇರುವ ಪಿಸ್ಟನ್ನಿಗೆ ಅದು ಅಡ್ಡ ನಿಂತಾಗ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಹೀಗೆ ಕೆಟ್ಟ ಎಂಜಿನ್ನಿಗೆ ಸಾಮಾನ್ಯ ವಿಮೆಯಲ್ಲಿ ಪರಿಹಾರ ಸಿಗುವುದು ಕಷ್ಟ. ಎಂಜಿನ್ ರಕ್ಷಣೆಯ ಹೆಚ್ಚುವರಿ ಪಾಲಿಸಿ ಬೇಕಾಗುತ್ತದೆ. ಕಾರನ್ನು ತಳ್ಳಿ ಅಥವಾ ಎಳೆಸಿ ಗ್ಯಾರೇಜಿಗೆ ಸೇರಿಸುವುದೇ ಕ್ಷೇಮ.

ವಿದ್ಯುತ್ ಕಾರು

ವಿದ್ಯುತ್ ಕಾರಿಗೆ ಎಂಜಿನ್ ಆಯಿಲ್, ಸ್ಪಾರ್ಕ್ ಪ್ಲಗ್, ಸೈಲೆನ್ಸರ್ ಇಲ್ಲ. ವೇಗ ತಗ್ಗಿಸುವಾಗ ಮೋಟಾರೇ ಜನರೇಟರಾಗಿ ತಡೆಯೊಡ್ಡುವುದರಿಂದ ಬ್ರೇಕ್ ಪ್ಯಾಡು ನಿಧಾನವಾಗಿ ಸವೆಯುತ್ತದೆ. ಆದರೆ ಟೈರು, ಬ್ರೇಕ್ ದ್ರವ, ಕ್ಯಾಬಿನ್ ಫಿಲ್ಟರ್, ಸಾಮಾನ್ಯವಾಗಿ 12 ವೋಲ್ಟಿನ ಸಣ್ಣ ಬ್ಯಾಟರಿ ಇದರಲ್ಲೂ ಇವೆ. ಬಹುಪಾಲು ಮಾದರಿಗಳ ದೊಡ್ಡ ಬ್ಯಾಟರಿಯನ್ನು ತಂಪಾಗಿಡಲು ಕೂಲೆಂಟೂ ಇದೆ. ಕಿತ್ತಳೆ ಬಣ್ಣದ ಕೇಬಲ್ಲುಗಳಲ್ಲಿ ಪ್ರಾಣಾಪಾಯದ ವೋಲ್ಟೇಜ್ ಇರುವುದರಿಂದ ತರಬೇತಿ ಪಡೆದ ಮೆಕ್ಯಾನಿಕ್ ಹೊರತು ಯಾರೂ ಮುಟ್ಟಬಾರದು.

ದಾಖಲೆ ಮತ್ತು ಕಾನೂನು

1988ರ ಮೋಟಾರು ವಾಹನ ಕಾಯಿದೆಯಂತೆ ಮೂರನೆಯ ವ್ಯಕ್ತಿಯ ವಿಮೆ ಕಡ್ಡಾಯ. ನೋಂದಣಿಯಾಗಿ ಒಂದು ವರ್ಷ ಕಳೆದ ಮೇಲೆ, ಜನರ ಬಾಯಲ್ಲಿ ಎಮಿಷನ್ ಟೆಸ್ಟ್ ಎನ್ನುವ ಹೊಗೆ ತಪಾಸಣೆಯ ಪ್ರಮಾಣಪತ್ರ ಇರಬೇಕು. ಬಿಎಸ್-4 ಮತ್ತು ಅನಂತರದ ಕಾರುಗಳಿಗೆ ಅದರ ಅವಧಿ ಒಂದು ವರ್ಷ, ಹಿಂದಿನವಕ್ಕೆ ಆರು ತಿಂಗಳು. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಬಳಿಕ ವಾಹನವನ್ನು ತೋರಿಸಿ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬೇಕು. ಹೊತ್ತಿಗೆ ಸರಿಯಾಗಿ ಸರ್ವಿಸ್ ಕಂಡ ಕಾರಿಗೆ ಈ ಪರೀಕ್ಷೆ ಕಷ್ಟವಲ್ಲ. ಸರ್ವಿಸ್ ಬಿಲ್ಲುಗಳನ್ನು ದಿನಾಂಕ, ಕಿ.ಮೀ. ಸಹಿತ ಜೋಡಿಸಿಟ್ಟರೆ ವಾರಂಟಿ ಕೇಳುವಾಗ, ಕಾರು ಮಾರುವಾಗ ಆಧಾರವಾಗುತ್ತವೆ.

ಹೊರತೆಗೆದ ಹಳೆಯ ಆಯಿಲ್ 2016ರ ನಿಯಮಗಳ ಪ್ರಕಾರ ಅಪಾಯಕಾರಿ ತ್ಯಾಜ್ಯ. ಅದನ್ನು ಚರಂಡಿಗೆ ಚೆಲ್ಲದೆ ಗ್ಯಾರೇಜಿನ ಮೂಲಕ ಅಧಿಕೃತ ಸಂಸ್ಕರಣಾ ಘಟಕಕ್ಕೆ ಸೇರಿಸಬೇಕು. ಹಳೆಯ ಬ್ಯಾಟರಿಯನ್ನು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳಂತೆ ಸಂಗ್ರಹ ಕೇಂದ್ರಕ್ಕೆ ಕೊಡಬೇಕು. ಅಂಗಡಿಯವರು ಹಳೆಯ ಬ್ಯಾಟರಿಯನ್ನು ಪಡೆದು ಹೊಸದರ ಬೆಲೆಯಲ್ಲಿ ಮುರಿದುಕೊಳ್ಳುವ ಪದ್ಧತಿ ಇರುವುದರಿಂದ ಮಾಲೀಕರಿಗೂ ಇದು ಸುಲಭ.